ಪದಚರ್ಚೆ: ಹಳೆಯ ಅಂಚೆಚೀಟಿಯ ‘ಮೌಲ್ಯ’ ಎಂದರೆ ಯಾವ ಬೆಲೆ?

ದಾವಣಗೆರೆಯಿಂದ ನಮಸ್ಕಾರ. ಇಲ್ಲಿನ ಒಂದು ಹೈಸ್ಕೂಲಿನ ಮಕ್ಕಳು ಹಳೆಯ ಅಂಚೆಚೀಟಿ, ಕಾರ್ಡು, ಲಕೋಟೆಗಳ ಪುಟ್ಟ ಪ್ರದರ್ಶನ ಇಡುತ್ತಿದ್ದಾರೆ. ಒಂದೊಂದರ ಕೆಳಗೂ ಎರಡು ಸಾಲು ಕನ್ನಡದಲ್ಲಿ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ಸುಲಭದ ಕೆಲಸದಂತೆ ಕಾಣುತ್ತದೆ, ಆದರೆ ಈ ಹವ್ಯಾಸದ ಮಾತೆಲ್ಲ ಇಂಗ್ಲಿಷಿನದೇ. ಮಿಂಟ್, ಯೂಸ್ಡ್, ಹಿಂಜ್, ಓವರ್‌ಪ್ರಿಂಟ್, ಕ್ಯಾನ್ಸಲೇಶನ್. ಸಂಗ್ರಹಕಾರರು ತಮ್ಮತಮ್ಮಲ್ಲಿ ಹೀಗೇ ಮಾತಾಡಿಕೊಳ್ಳುತ್ತಾರೆ, ಅವರಿಗೇನೂ ತೊಂದರೆ ಇಲ್ಲ. ಎಂಟನೇ ಕ್ಲಾಸಿನ ಹುಡುಗಿಗೆ, ಅವಳ ಜೊತೆ ನೋಡಲು ಬರುವ ಅಜ್ಜನಿಗೆ ಹೇಗೆ ಹೇಳುವುದು? ಅದಕ್ಕೇ ಈ ಚರ್ಚೆ.

ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುತ್ತಿರುವುದು ‘ಮೌಲ್ಯ’. ಪತ್ರಿಕೆಯಲ್ಲಿ ‘5 ರೂಪಾಯಿ ಮೌಲ್ಯದ ಅಂಚೆಚೀಟಿ ಬಿಡುಗಡೆ’ ಎಂದು ಓದುತ್ತೇವೆ. ಅದೇ ಪತ್ರಿಕೆಯಲ್ಲಿ ‘ಕೋಟಿ ಮೌಲ್ಯದ ಅಪರೂಪದ ಅಂಚೆಚೀಟಿ’ ಎಂದೂ ಬರುತ್ತದೆ. ಎರಡೂ ಕಡೆ ಪದ ಒಂದೇ, ವಿಷಯ ಬೇರೆ. 1948ರ ಗಾಂಧಿ ಚೀಟಿಯನ್ನೇ ನೋಡಿ. ಆ ವರ್ಷದ ಆಗಸ್ಟ್ 15ರಂದು ಬಂದ ಸಾಲು ಅದು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿ, ಒಟ್ಟು ನಾಲ್ಕು ಚೀಟಿ. ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಹಿಂದಿಯಲ್ಲೂ ಉರ್ದುವಿನಲ್ಲೂ ‘ಬಾಪು’ ಎಂದು ಬರೆದಿದೆ. ಇದರ ಕೆಳಗೆ ‘10 ರೂಪಾಯಿ ಮೌಲ್ಯದ ಚೀಟಿ’ ಎಂದು ಬರೆದರೆ ಸುಳ್ಳಲ್ಲ. ಆದರೆ ಅದೇ ಹತ್ತು ರೂಪಾಯಿಯ ಚೀಟಿಯ ಮೇಲೆ ‘ಸರ್ವಿಸ್’ ಎಂದು ಅಚ್ಚೊತ್ತಿ ಗವರ್ನರ್ ಜನರಲ್ ಕಚೇರಿಯ ಬಳಕೆಗೆ ಕೊಟ್ಟದ್ದು ಬರೀ ನೂರು. ಅದರಲ್ಲಿ ನಾಲ್ಕು ಒಟ್ಟಿಗೇ ಉಳಿದಿದ್ದ ಒಂದು ತುಣುಕು 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಈಗ ಹೇಳಿ, ಅದರ ಮೌಲ್ಯ ಹತ್ತು ರೂಪಾಯಿಯೋ, ಅಥವಾ ಪೌಂಡಿನ ಲೆಕ್ಕವೋ?

ಚೀಟಿಯ ಮೇಲೆ ಅಚ್ಚಾದ ಮೊತ್ತಕ್ಕೆ ‘ಮುಖಬೆಲೆ’ ಎನ್ನುವ ಒಳ್ಳೆಯ ಪದ ಆಗಲೇ ಇದೆ. ನೋಟುಗಳಿಗೆ ನಾವೆಲ್ಲ ಬಳಸುತ್ತೇವೆ. ಅಂಚೆಚೀಟಿಗೂ ಅದೇ ಇರಲಿ, ಇಲ್ಲಿ ವಾದ ಬೇಡ ಅನಿಸುತ್ತದೆ.

ಎರಡನೆಯದು ಕ್ಯಾಟಲಾಗಿನಲ್ಲಿ ಕೊಟ್ಟಿರುವ ಬೆಲೆ. ಸ್ಟಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಖೆಲ್ ಎಂಬ ದಪ್ಪ ಪುಸ್ತಕಗಳಿವೆ, ನಮ್ಮ ದೇಶದ ಚೀಟಿಗಳಿಗೆ ‘ಫಿಲಾ’ ಇದೆ. ಪ್ರತಿ ಚೀಟಿಗೂ ಅವುಗಳಲ್ಲಿ ಒಂದು ನಂಬರು, ಒಂದು ಬೆಲೆ. ಗಿಬ್ಬನ್ಸ್ ಪುಸ್ತಕದ ಬೆಲೆ ಎಂದರೆ ಒಳ್ಳೆಯ ಸ್ಥಿತಿಯಲ್ಲಿರುವ ಚೀಟಿಯನ್ನು ವ್ಯಾಪಾರಿ ನಿಮಗೆ ಮಾರುವ ಬೆಲೆ. ನಿಮ್ಮಿಂದ ಕೊಳ್ಳುವ ಬೆಲೆ ಅಲ್ಲ. ಜನ ಎಡವುವುದು ಇಲ್ಲೇ. ಅಜ್ಜನ ಆಲ್ಬಮ್ ಹಿಡಿದು ಪುಸ್ತಕದ ಬೆಲೆ ಕೂಡಿಸಿ ಲಕ್ಷದ ಲೆಕ್ಕ ಹಾಕುತ್ತಾರೆ, ವ್ಯಾಪಾರಿ ಅದರ ಸಣ್ಣದೊಂದು ಪಾಲು ಹೇಳಿದಾಗ ಮೋಸ ಎನ್ನುತ್ತಾರೆ. ಇದಕ್ಕೆ ‘ಪಟ್ಟಿಬೆಲೆ’ ಎನ್ನಬಹುದು ಅಂತ ನನ್ನ ಯೋಚನೆ. ‘ಸೂಚಿ ಬೆಲೆ’ ಎಂದು ಒಬ್ಬರು ಹೇಳಿದರು. ಅದು ಸ್ವಲ್ಪ ಗಟ್ಟಿ ಕನ್ನಡ, ಕಿವಿಗೆ ಕೂರುವುದಿಲ್ಲ.

ಮೂರನೆಯದು, ಇವತ್ತು ಕೈಗೆ ನಿಜವಾಗಿ ಬರುವ ದುಡ್ಡು. ಇದಕ್ಕೆ ‘ಮಾರುಕಟ್ಟೆ ಮೌಲ್ಯ’ ಎನ್ನುವುದು ರೂಢಿ. ನನಗೆ ನಮ್ಮ ಮಂಡಿಯ ಮಾತೇ ಇಷ್ಟ: ಧಾರಣೆ. ಮೆಕ್ಕೆಜೋಳದ ಧಾರಣೆ, ಅಡಿಕೆ ಧಾರಣೆ ಎಂದು ದಿನವೂ ಕೇಳುತ್ತೇವಲ್ವಾ? ಧಾರಣೆ ಎಂದ ಕೂಡಲೇ ಈ ಕಡೆಯವರಿಗೆ ಅದು ಏರುತ್ತದೆ, ಇಳಿಯುತ್ತದೆ, ಗಿರಾಕಿ ಇಲ್ಲದಿದ್ದರೆ ಇಲ್ಲವೇ ಇಲ್ಲ ಎನ್ನುವುದು ಗೊತ್ತಾಗುತ್ತದೆ. ಬೇರೆ ವಿವರಣೆ ಬೇಡ. ‘ಮುಖಬೆಲೆ ಒಂದಾಣೆ, ಪಟ್ಟಿಬೆಲೆ ಇಷ್ಟು, ಧಾರಣೆ ಇಷ್ಟು’ ಎಂದರೆ ಮಗುವಿಗೂ ತಿಳಿಯುತ್ತದೆ. ಆದರೆ ಬೆಂಗಳೂರು, ಮಂಗಳೂರಿನ ಓದುಗರಿಗೆ ಅಂಚೆಚೀಟಿಗೆ ಧಾರಣೆ ಎನ್ನುವುದು ವಿಚಿತ್ರ ಅನಿಸಬಹುದೇ? ಇದು ನನ್ನ ಮೊದಲ ಪ್ರಶ್ನೆ.

ಇನ್ನು ‘ಮಿಂಟ್’. ಒಂದು ಅನುವಾದ ಯಂತ್ರ ಇದಕ್ಕೆ ‘ಟಂಕಸಾಲೆ ಸ್ಥಿತಿ’ ಎಂದು ಕೊಟ್ಟಿತು. ಇನ್ನೊಂದು ‘ಪುದೀನಾ’ ಎಂದಿತು! ನಕ್ಕು ಬದಿಗಿಟ್ಟೆ. ಸಂಗ್ರಹಕಾರರು ಮಿಂಟ್ ಎನ್ನುವುದು ಬಳಸದೇ ಉಳಿದ, ಹಿಂದಿನ ಅಂಟು ಹಾಗೇ ಇರುವ ಚೀಟಿಗೆ. ‘ಬಳಸದ ಚೀಟಿ’ ಎಂದರೆ ಅರ್ಧ ಮಾತ್ರ ಹೇಳಿದಂತೆ. ನೀರಲ್ಲಿ ನೆಂದು ಅಂಟು ಹೋದ ಚೀಟಿಯೂ ಬಳಸದ್ದೇ ಇರಬಹುದು, ಅದರ ಬೆಲೆ ಬೇರೆ.

ದಾವಣಗೆರೆ ಬಟ್ಟೆ ಮಿಲ್ಲುಗಳಿಗೆ ಹೆಸರಾಗಿದ್ದ ಊರು. ಮಿಲ್ಲಿನಿಂದ ಬಂದ, ಇನ್ನೂ ನೀರು ಕಾಣದ ಬಟ್ಟೆಗೆ ಇಲ್ಲಿ ‘ಕೋರಾ ಬಟ್ಟೆ’ ಎನ್ನುತ್ತಾರೆ. ಗಂಜಿಯೂ ಹೋಗಿರುವುದಿಲ್ಲ. ಹಾಗಾದರೆ ಅಂಟು ಹೋಗದ ಚೀಟಿ ‘ಕೋರಾ ಚೀಟಿ’ ಏಕಾಗಬಾರದು? ನೀರು ಕಾಣಬಾರದು ಎನ್ನುವ ಅರ್ಥವೂ ಸರಿಯಾಗಿ ಹೊಂದುತ್ತದೆ. ಹೊಸ ಪದ ಕಟ್ಟುವ ಗೋಜಿಲ್ಲ. ಕೋರಾ ಮೂಲದಲ್ಲಿ ಹಿಂದಿ ಕಡೆಯಿಂದ ಬಂದದ್ದು ಎಂದು ಕೆಲವರು ತಕರಾರು ತೆಗೆಯುತ್ತಾರೆ. ತೆಗೆಯಲಿ. ಮಿಂಟ್‌ಗಿಂತ ಅದು ನಮ್ಮ ಮನೆಗೆ ಹತ್ತಿರ.

ಕೋರಾದಲ್ಲೂ ಎರಡು ಜಾತಿ. ಹಿಂದೆ ಆಲ್ಬಮ್ಮಿಗೆ ಚೀಟಿ ಅಂಟಿಸಲು ತೆಳು ಕಾಗದದ ಸಣ್ಣ ಮಡಿಕೆಪಟ್ಟಿ ಬಳಸುತ್ತಿದ್ದರು, ಅದೇ ಹಿಂಜ್. ಅದನ್ನು ಕಿತ್ತರೆ ಅಂಟಿನ ಮೇಲೆ ಗುರುತು ಉಳಿಯುತ್ತದೆ, ಬೆಲೆ ಇಳಿಯುತ್ತದೆ. ಪಟ್ಟಿ ಅಂಟಿಸದೇ ಇದ್ದದ್ದನ್ನು ನಾನು ‘ಹದಿನಾರಾಣೆ ಕೋರಾ’ ಎಂದು ಬರೆದಿದ್ದೇನೆ. ಇದು ಪಾರಿಭಾಷಿಕ ಪದ ಆಗುವುದಿಲ್ಲ ಬಿಡಿ, ಆದರೆ ಮಕ್ಕಳು ಓದಿ ಮರೆಯುವುದಿಲ್ಲ.

ಅಂಚೆ ಕಚೇರಿಯ ಮುದ್ರೆ ಬಿದ್ದ ಚೀಟಿಗೆ ಹೇಳುವ ‘ಯೂಸ್ಡ್’ ಮತ್ತು ‘ಕ್ಯಾನ್ಸಲ್ಡ್’ ಇನ್ನೂ ಕಷ್ಟ. ‘ರದ್ದಾದ ಅಂಚೆಚೀಟಿ’ ಎಂದು ಕೆಲವು ಕಡೆ ಅಚ್ಚಾಗಿದೆ. ರದ್ದಾದದ್ದು ಎಂದರೆ ನಮ್ಮಲ್ಲಿ ಕೆಲಸಕ್ಕೆ ಬಾರದ್ದು. ರದ್ದಿ ಪೇಪರಿನ ನೆನಪೂ ಬರುತ್ತದೆ. ಅದಕ್ಕೇ ಇರಬೇಕು, ಮುದ್ರೆ ಬಿದ್ದ ಚೀಟಿ ಎಂದರೆ ಕಸ ಎಂದು ಎಷ್ಟೋ ಮನೆಗಳಲ್ಲಿ ಒಲೆಗೆ ಹಾಕಿದ್ದಾರೆ. ನಿಜ ಸಂಗತಿ ಹಾಗಿಲ್ಲ. ಹಳೆಯ ಲಕೋಟೆಯಲ್ಲಿ ಎಷ್ಟೋ ಸಲ ಚೀಟಿಗಿಂತ ಅದರ ಮೇಲೆ ಬಿದ್ದ ಮುದ್ರೆಗೇ ಬೆಲೆ ಜಾಸ್ತಿ. ಯಾವ ಊರು, ಯಾವ ತಾರೀಖು, ಯಾವ ದಾರಿಯಲ್ಲಿ ಕಾಗದ ಬಂತು, ಎಲ್ಲ ಅದರಲ್ಲಿ ಇರುತ್ತದೆ. ಬ್ರಿಟಿಷರ ಕಾಲದ ಇಂಗ್ಲಿಷ್ ಬರಹದಲ್ಲಿ ಚಿತ್ರದುರ್ಗ ‘ಚಿತಲ್‌ಡ್ರೂಗ್’ ಆಗಿತ್ತು. ಆ ಹೆಸರಿನ ಮುದ್ರೆ ಪೂರ್ತಿ ದುಂಡಗೆ, ಓದುವ ಹಾಗೆ ಬಿದ್ದಿರುವ ಲಕೋಟೆ ಸಿಕ್ಕರೆ ದಯವಿಟ್ಟು ಚೀಟಿ ಕತ್ತರಿಸಬೇಡಿ, ನೀರಿಗೂ ಹಾಕಬೇಡಿ. ಕಾರ್ಡಿನ ಮೇಲೆ ಅಚ್ಚಾಗಿಯೇ ಬಂದ ಚೀಟಿಯನ್ನು ಕತ್ತರಿಯಲ್ಲಿ ಚೌಕ ಮಾಡಿ ತೆಗೆದವರೂ ಇದ್ದಾರೆ. ಕಾರ್ಡೂ ಹೋಯಿತು, ಚೀಟಿಯೂ ಹೋಯಿತು. ಮಂಡಿ ವ್ಯಾಪಾರದ ಮನೆಗಳಲ್ಲಿ ತಂತಿಗೆ ಚುಚ್ಚಿಟ್ಟ ಹಳೆಯ ಕಾರ್ಡುಗಳು ಈಗಲೂ ಸಿಗುತ್ತವೆ. ನಡುವೆ ತೂತು ಇದ್ದರೂ ಊರಿನ ಚರಿತ್ರೆಗೆ ಅವು ಬೇಕು.

ಈ ಮುದ್ರೆಗೆ ನಾನು ಆರಿಸಿಕೊಂಡ ಪದ ‘ಠಸ್ಸೆ’. ಅಂಚೆ ಕಚೇರಿಯಲ್ಲಿ ಠಪ್ ಠಪ್ ಎಂದು ಹೊಡೆಯುವುದನ್ನು ಕೇಳಿದವರಿಗೆ ಬೇರೆ ಪದ ಬೇಕಾಗುವುದಿಲ್ಲ. ‘ಠಸ್ಸೆ ಬಿದ್ದ ಚೀಟಿ’ ಎಂದರೆ ಯೂಸ್ಡ್, ಅಷ್ಟೇ. ‘ರದ್ದು’ ಎಂಬ ಕಳಂಕ ಇಲ್ಲ. ‘ಮೊಹರು’ ಎನ್ನಬಹುದು, ಆದರೆ ಅದು ಅಧಿಕಾರಿಯ ಸಹಿಯ ಪಕ್ಕ ಬೀಳುವ ಮೊಹರನ್ನು, ಅರಗಿನ ಮೊಹರನ್ನು ನೆನಪಿಸುತ್ತದೆ. ‘ಮುದ್ರೆ’ ಎಲ್ಲದಕ್ಕೂ ಆಗುತ್ತದೆ, ಆದ್ದರಿಂದ ಯಾವುದಕ್ಕೂ ಸಾಲದು. ತುಂಗಭದ್ರೆಯ ಆಚೆ, ರಾಣೆಬೆನ್ನೂರು ಹಾವೇರಿ ಕಡೆ ಠಸ್ಸೆಯ ಜೊತೆಗೆ ‘ಶಿಕ್ಕಾ’ ಎನ್ನುವುದೂ ಇದೆ. ಅಂಚೆಯ ಮುದ್ರೆಗೂ ಶಿಕ್ಕಾ ಎನ್ನುತ್ತಾರಾ, ಅಥವಾ ಕಚೇರಿ ಕಾಗದಕ್ಕೆ ಮಾತ್ರವಾ? ಆ ಕಡೆಯವರು ತಿಳಿಸಬೇಕು.

ಮಾತು ಅಲ್ಲಿಗೆ ಬಂದಿದ್ದಕ್ಕೆ ಒಂದು ಅಡ್ಡಮಾತು. ನಮ್ಮ ಈ ಸೀಮೆ ಮೂರು ಆಡಳಿತಗಳು ಸೇರುತ್ತಿದ್ದ ಜಾಗ. ದಾವಣಗೆರೆ, ಹರಿಹರ, ಚಿತ್ರದುರ್ಗ ಮೈಸೂರು ಸಂಸ್ಥಾನದಲ್ಲಿದ್ದವು. ಹೊಳೆ ದಾಟಿದರೆ ಮುಂಬೈ ಪ್ರಾಂತ್ಯ. ಹರಪನಹಳ್ಳಿ ಮದ್ರಾಸಿನದು. ಮೈಸೂರಿನ ಕಡೆಯ ಮಾತು ‘ಅಂಚೆ’, ಹೊಳೆಯಾಚೆಯ ಮಾತು ‘ಟಪಾಲು’. ಈಗ ಅಂಚೆ ಎಲ್ಲೆಡೆ ಗೆದ್ದಿದೆ. ಟಪಾಲು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಜೀವ ಹಿಡಿದುಕೊಂಡಿದೆ. ಹಂಸದ ತದ್ಭವವೂ ‘ಅಂಚೆ’ಯೇ ಆದ್ದರಿಂದ ದಮಯಂತಿಯ ಹಂಸವೇ ಅಂಚೆಯಾಯಿತು ಎಂದು ಮಕ್ಕಳಿಗೆ ಕಥೆ ಹೇಳುವವರಿದ್ದಾರೆ. ಚೆಂದದ ಕಥೆ. ತಮಿಳಿನ ‘ಅಂಜಲ್’, ತಿರುವಾಂಕೂರಿನ ‘ಅಂಚಲ್’ ಪಕ್ಕದಲ್ಲಿ ಇಟ್ಟು ನೋಡಿದರೆ ನನಗೆ ಹಂಸದ ಮೇಲೆ ನಂಬಿಕೆ ಕಡಿಮೆಯಾಗುತ್ತದೆ.

ಮೈಸೂರು ಅಂಚೆಯ ಬಗ್ಗೆ ಒಂದು ವಿಷಯ ಬೆಲೆಗೂ ಸಂಬಂಧಪಟ್ಟದ್ದು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದು ಬಂದ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ತಿರುವಾಂಕೂರು, ಕೊಚ್ಚಿ, ಹೈದರಾಬಾದ್ ಸಂಸ್ಥಾನಗಳು ತಮ್ಮದೇ ಅಂಚೆಚೀಟಿ ತಂದವು, ಮೈಸೂರು ತರಲಿಲ್ಲ. ಹಾಗಿದ್ದರೂ ‘ನಮ್ಮ ಮನೇಲಿ ಮೈಸೂರು ಮಹಾರಾಜರ ಸ್ಟಾಂಪಿದೆ’ ಎಂದು ಹೇಳುವವರು ಸಿಗುತ್ತಾರೆ. ಸುಳ್ಳು ಹೇಳುತ್ತಿಲ್ಲ ಅವರು. ಅವರ ಬಳಿ ಇರುವುದು ಕೋರ್ಟ್ ಫೀ ಸ್ಟಾಂಪು, ಇಲ್ಲವೇ ಛಾಪಾ ಕಾಗದ. ‘ಸ್ಟಾಂಪು’ ಎಂಬ ಒಂದೇ ಪದದಲ್ಲಿ ಅಂಚೆಚೀಟಿ, ರೆವಿನ್ಯೂ ಸ್ಟಾಂಪು, ಛಾಪಾ ಕಾಗದ, ರಬ್ಬರ್ ಠಸ್ಸೆ ಎಲ್ಲವೂ ತುಂಬಿಕೊಂಡಿವೆ. ಕೋರ್ಟ್ ಫೀ ಸ್ಟಾಂಪು, ಛಾಪಾ ಕಾಗದ ಸಂಗ್ರಹಿಸುವವರೂ ಇದ್ದಾರೆ, ಬೆಲೆಯೂ ಇದೆ. ಆದರೆ ಅದು ಬೇರೆ ಪುಸ್ತಕ, ಬೇರೆ ಗಿರಾಕಿ. ಆದ್ದರಿಂದ ಪ್ರದರ್ಶನದ ಬರಹದಲ್ಲಿ ‘ಸ್ಟಾಂಪು’ ಬೇಡ, ‘ಅಂಚೆಚೀಟಿ’ ಇರಲಿ ಎಂದು ಹಟ ಹಿಡಿದಿದ್ದೇನೆ. ‘ಮುದ್ರಾಂಕ’ವನ್ನು ನೋಂದಣಿ ಇಲಾಖೆಗೇ ಬಿಟ್ಟಿದ್ದೇನೆ.

ಉಳಿದವು ಹೆಚ್ಚು ಚರ್ಚೆ ಬೇಡದವು. ಓವರ್‌ಪ್ರಿಂಟ್‌ಗೆ ‘ಮೇಲಚ್ಚು’. 1971ರ ನವೆಂಬರಿನಲ್ಲಿ ನಿರಾಶ್ರಿತರ ಪರಿಹಾರಕ್ಕೆಂದು ಐದು ಪೈಸೆ ತೆರಿಗೆ ಬಂದಾಗ ಇದ್ದ ಚೀಟಿಗಳಿಗೇ ಮೇಲಚ್ಚು ಹಾಕಿದ್ದು ಹಿರಿಯರಿಗೆ ನೆನಪಿರುತ್ತದೆ. ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ವಾಟರ್‌ಮಾರ್ಕ್‌ಗೆ ‘ನೀರುಗುರುತು’. ಡೆಫಿನಿಟಿವ್‌ಗೆ ‘ದಿನಬಳಕೆಯ ಚೀಟಿ’, ಕಮೆಮರೇಟಿವ್‌ಗೆ ‘ನೆನಪಿನ ಚೀಟಿ’. 1960ರ ವಿಶ್ವೇಶ್ವರಯ್ಯ, 1967ರ ಬಸವಣ್ಣ ಎರಡೂ ನೆನಪಿನ ಚೀಟಿಗಳು. ವಿಶ್ವೇಶ್ವರಯ್ಯನವರ ಚೀಟಿ ಬಂದಾಗ ಅವರು ಬದುಕಿದ್ದರು, ಹಾಗಾಗಿ ‘ನೆನಪಿನ’ ಎನ್ನಲು ಸ್ವಲ್ಪ ಮುಜುಗರ. ‘ಗೌರವದ ಚೀಟಿ’ ಎಂದರೆ? ಅದೂ ಪೂರ್ತಿ ಹೊಂದುವುದಿಲ್ಲ, 2006ರಲ್ಲಿ ಬಂದ ಗಂಧದ ವಾಸನೆಯ ಚೀಟಿಗೆ ಯಾರ ಗೌರವ?

ಚೀಟಿಗಳನ್ನು ಬಿಡಿಸಲು ಅಂಚಿನಲ್ಲಿ ಹಾಕುವ ತೂತುಗಳ ಸಾಲು, ಅಂದರೆ ಪರ್ಫೊರೇಶನ್‌ಗೆ ‘ಹಲ್ಲು’ ಎಂದು ಮಕ್ಕಳೇ ಹೇಳಿದರು. ‘ಸಾರ್, ಇದರ ಒಂದು ಹಲ್ಲು ಬಿದ್ದಿದೆ.’ ಇದಕ್ಕಿಂತ ಒಳ್ಳೆಯ ಪದ ಯಾರು ಕೊಡುತ್ತಾರೆ? ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಇವೆ ಎಂದು ಎಣಿಸುವುದು ಕ್ರಮ. ಒಂದೇ ಚಿತ್ರದ ಎರಡು ಚೀಟಿಗಳಿಗೆ ಈ ಎಣಿಕೆಯಲ್ಲಿ ವ್ಯತ್ಯಾಸ ಇದ್ದರೆ ಬೆಲೆಯಲ್ಲೂ ವ್ಯತ್ಯಾಸ ಬರಬಹುದು. ನಾನು ‘ಹಲ್ಲೆಣಿಕೆ’ ಎಂದು ಬರೆದಿದ್ದೇನೆ. 1854ರ ಮೊದಲ ಅಖಿಲ ಭಾರತ ಚೀಟಿಗಳಿಗೆ ಹಲ್ಲೇ ಇರಲಿಲ್ಲ, ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ಅಲ್ಲಿ ನೋಡಬೇಕಾದದ್ದು ಅಂಚು. ನಾಲ್ಕೂ ಕಡೆ ಬಿಳಿ ಅಂಚು ಉಳಿದಿದ್ದರೆ ಒಂದು ಬೆಲೆ, ಕತ್ತರಿ ಚಿತ್ರದೊಳಗೆ ನುಗ್ಗಿದ್ದರೆ ಇನ್ನೊಂದು. ‘ಅಂಚೆಚೀಟಿಯ ಅಂಚು’ ಎಂದು ಬರೆದು ಓದಿದರೆ ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಏನು ಮಾಡುವುದು, ಹಾಗೇ ಬಿಟ್ಟಿದ್ದೇನೆ.

ಆ 1854ರ ಸಾಲಿನದೇ ನಾಲ್ಕಾಣೆ ಚೀಟಿಯನ್ನು ಎರಡು ಬಣ್ಣದಲ್ಲಿ, ಎರಡು ಸಲ ಅಚ್ಚಿಗೆ ಹಾಕಬೇಕಿತ್ತು. ಕೆಲವು ಹಾಳೆ ತಿರುಗಾಮುರುಗಾ ಆಗಿ ವಿಕ್ಟೋರಿಯಾ ರಾಣಿಯ ತಲೆ ಕೆಳಗಾಯಿತು. ಜಗತ್ತಿನ ದುಬಾರಿ ತಪ್ಪುಗಳಲ್ಲಿ ಅದೂ ಒಂದು. ಇಂಥದ್ದಕ್ಕೆ ‘ದೋಷಮುದ್ರಣ’ ಎಂದು ನಿಘಂಟಿನಲ್ಲಿ ನೋಡಬಹುದು, ನಾನು ‘ತಪ್ಪಚ್ಚು’ ಎಂದಿದ್ದೇನೆ. ಒಂದು ಎಚ್ಚರಿಕೆಯನ್ನೂ ಸೇರಿಸಿದ್ದೇನೆ: ಬಣ್ಣ ಸ್ವಲ್ಪ ಮಸುಕಾದ್ದು, ಠಸ್ಸೆ ಓರೆಯಾದ್ದು ತಪ್ಪಚ್ಚಲ್ಲ. ಮೊಬೈಲ್ ವಿಡಿಯೋ ನೋಡಿ ಹಳೆಯದ್ದೆಲ್ಲ ಲಕ್ಷ ಎಂದು ನಂಬಿದವರಿಗೆ ಇನ್ನೊಂದು ಸಾಲು: 1854ರ ಅರ್ಧಾಣೆ ನೀಲಿ ಚೀಟಿ ಎಷ್ಟೊಂದು ಅಚ್ಚಾಗಿತ್ತೆಂದರೆ, ಠಸ್ಸೆ ಬಿದ್ದು ಅಂಚು ಹೋದದ್ದು ಇಂದಿಗೂ ಸಾಮಾನ್ಯ ಸಂಗ್ರಹಕಾರನ ಕೈಗೆಟುಕುತ್ತದೆ.

ಕೊನೆಗೆ ಇನ್ನೂ ಪದ ಸಿಗದ ಎರಡು. ಒಂದು, ಬೇರೆ ಬೇರೆ ಚಿತ್ರದ ಚೀಟಿಗಳು ಒಂದಕ್ಕೊಂದು ಅಂಟಿಕೊಂಡೇ ಅಚ್ಚಾದಾಗ ಸಂಗ್ರಹಕಾರರು ‘ಸೆಟೆನೆಂಟ್’ ಎನ್ನುತ್ತಾರೆ. ‘ಜೋಡಿಚೀಟಿ’ ಎಂದರೆ ಎರಡೇ ಇರಬೇಕು ಅನಿಸುತ್ತದೆ, ನಾಲ್ಕು ಇದ್ದಾಗ? ಎರಡು, ಹಳೆಯ ಕಾಗದದ ಮೇಲೆ ಬೀಳುವ ಕಂದು ಚುಕ್ಕೆ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ಕಡಿಮೆ, ಕರಾವಳಿ ಮಲೆನಾಡಿನಲ್ಲಿ ಜಾಸ್ತಿ. ಕೆಲವರು ತುಕ್ಕು ಎನ್ನುತ್ತಾರೆ, ಆದರೆ ಕಬ್ಬಿಣವೇ ಇಲ್ಲದ ಕಡೆ ತುಕ್ಕು ಎನ್ನಲು ಮಕ್ಕಳು ಒಪ್ಪುತ್ತಿಲ್ಲ. ಹಳೆಯ ಪುಸ್ತಕ, ಕಡತ ಕಾಪಾಡುವ ಮಂಗಳೂರು, ಶಿವಮೊಗ್ಗ ಕಡೆಯವರ ಬಾಯಲ್ಲಿ ಇದಕ್ಕೊಂದು ಪದ ಇದ್ದೇ ಇರುತ್ತದೆ. ತಿಳಿಸಿದರೆ ಅದನ್ನೇ ಬರೆಯುತ್ತೇನೆ.