ಇಳಿಜಾರಿನಲ್ಲಿ ನಿಲ್ಲುವ ಹಳೆಯ ಕಾರು: ಮಳೆಗೆ ಕೂಗುವ ಅಲಾರಂ ಮತ್ತು ಗುಪ್ತ ಸ್ವಿಚ್

ತೀರ್ಥಹಳ್ಳಿ ತೋಟಿಗ (ಪ್ರಶ್ನೆ):

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಬಹಳ ಕೆಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಮಳೆಗಾಲದಲ್ಲಿ ಅಂಗಳದವರೆಗೆ ವಾಹನ ಇಳಿಸಿದರೆ ಮತ್ತೆ ಏರಿಸಲಾಗುವುದಿಲ್ಲವಾದ್ದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ 2003ರ ಮಾರುತಿ 800 ಮೇಲೆ ಉಣುಗೋಲಿನ ಪಕ್ಕದ ಚಪ್ಪರದಲ್ಲೇ ನಿಲ್ಲುತ್ತದೆ. ಅದರ ಕೀಲಿಯಲ್ಲಿ ಕಳ್ಳಕೀಲಿಯನ್ನು ತಡೆಯುವ ಚಿಪ್ ಇಲ್ಲದ ಕಾರಣ ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಅಲಾರಂ ಹಾಕಿಸಿದ್ದೆ. ಈಗ ಜೋರು ಮಳೆ ಬಂದ ರಾತ್ರಿಯೆಲ್ಲ ಅದು ಕೂಗುತ್ತದೆ; ಪಕ್ಕದ ಮನೆಯ ವೃದ್ಧೆಗೆ ನಿದ್ರೆ ಇಲ್ಲದಂತಾಗಿದೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಅಲಾರಂನ ಫ್ಯೂಸ್ ತೆಗೆದುಬಿಟ್ಟರೆ ಸಾಕೆಂದು ಒಬ್ಬರು ಹೇಳಿದರು, ತೆಗೆದೆ. ಆದರೆ ಆಮೇಲೆ ಕಾರು ಸ್ಟಾರ್ಟ್ ಆಗಲೇ ಇಲ್ಲ. ಅಲಾರಂ ಅನ್ನು ಪೂರ್ತಿಯಾಗಿ ತೆಗೆಸಿ, ಅದರ ಬದಲಿಗೆ ಗುಪ್ತವಾದ ಕಿಲ್ ಸ್ವಿಚ್ (ಆಫ್ ಮಾಡಿದರೆ ಕಾರು ಓಡದಂತೆ ತಡೆಯುವ ಸ್ವಿಚ್) ಹಾಕಿಸುವುದು ಸರಿಯೇ? ಹಾಕಿಸುವುದಾದರೆ ಯಾವ ತಂತಿಗೆ?

ಸಾಗರದ ವೈರಿಂಗ್ ಕೆಲಸಗಾರ:

ಫ್ಯೂಸ್ ತೆಗೆದ ಮೇಲೆ ಕಾರು ಸ್ಟಾರ್ಟ್ ಆಗದಿರುವುದಕ್ಕೆ ಕಾರಣವಿದೆ. ಹೊರಗಿನಿಂದ ಹಾಕಿಸುವ ಅಲಾರಂಗಳಲ್ಲಿ ಹಲವಕ್ಕೆ ಸೈರನ್ ಒಂದೇ ಅಲ್ಲ, ಒಂದು ರಿಲೇ (ಸಣ್ಣ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್) ಕೂಡ ಇರುತ್ತದೆ. ಅಂಗಡಿಯವರು ಇಗ್ನಿಷನ್ ಅಥವಾ ಸ್ಟಾರ್ಟರ್ ತಂತಿಯನ್ನು ಮಧ್ಯದಲ್ಲಿ ಕತ್ತರಿಸಿ, ಎರಡೂ ತುದಿಗಳನ್ನು ಆ ರಿಲೇ ಮೂಲಕ ಹಾಯಿಸಿರುತ್ತಾರೆ. ಅಲಾರಂಗೆ ವಿದ್ಯುತ್ ಇಲ್ಲದಾಗ ತೆರೆದುಕೊಳ್ಳುವಂತೆ ಆ ರಿಲೇಯನ್ನು ಜೋಡಿಸಿದ್ದರೆ, ಫ್ಯೂಸ್ ತೆಗೆದ ಕೂಡಲೇ ಕಾರಿನ ಮೂಲ ತಂತಿಯೇ ತುಂಡಾದಂತಾಗುತ್ತದೆ. ಆದ್ದರಿಂದ ಅಲಾರಂ ತೆಗೆಸುವುದೆಂದರೆ ಪೆಟ್ಟಿಗೆ ಕಿತ್ತುಹಾಕುವುದಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಕತ್ತರಿಸಿದ ಜಾಗವನ್ನು ಹುಡುಕಿ, ಮೂಲ ತಂತಿಯನ್ನು ಮತ್ತೆ ಬೆಸುಗೆ ಹಾಕಿ ಕೂಡಿಸಬೇಕು. ಬರೀ ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿದರೆ ನಮ್ಮ ಕಡೆಯ ತೇವಕ್ಕೆ ಒಂದೇ ಮಳೆಗಾಲದಲ್ಲಿ ಟೇಪಿನ ಅಂಟು ಬಿಟ್ಟುಕೊಂಡು ತಾಮ್ರ ಹಸಿರಾಗುತ್ತದೆ.

ಆದರೆ ತೆಗೆಸುವ ಮೊದಲು, ಅದು ಏಕೆ ಕೂಗುತ್ತಿದೆ ಎಂದು ನೋಡಿ. ಬಾನೆಟ್ ಮತ್ತು ಬಾಗಿಲುಗಳ ಸಣ್ಣ ಪಿನ್ ಸ್ವಿಚ್‌ಗಳು ಬಹುತೇಕ ಕಾರಿನ ಲೋಹದ ಮೈಗೆ ಅರ್ಥ್ ಆದಾಗ ‘ತೆರೆದಿದೆ’ ಎಂಬ ಸಂಕೇತ ಕೊಡುತ್ತವೆ. ತುಕ್ಕು ಹಿಡಿದ ಸ್ವಿಚ್‌ನ ಮೇಲೆ ನೀರು ನಿಂತರೆ ಆ ನೀರೇ ಅರ್ಥ್‌ಗೆ ದಾರಿಯಾಗುತ್ತದೆ, ಮುಚ್ಚಿದ ಬಾನೆಟ್ ತೆರೆದಂತೆ ಅಲಾರಂಗೆ ತೋರುತ್ತದೆ. ಇನ್ನೊಂದು ಕಾರಣ ಕಂಪನದ ಸೆನ್ಸರ್. ಚಪ್ಪರದಿಂದ ಬೀಳುವ ದಪ್ಪ ಹನಿಗೂ ಅದು ಎಚ್ಚರಗೊಳ್ಳುವಷ್ಟು ಸೂಕ್ಷ್ಮವಾಗಿದ್ದರೆ, ಅದರ ಮೇಲಿನ ಚಿಕ್ಕ ಸ್ಕ್ರೂ ತಿರುಗಿಸಿ ಕಡಿಮೆ ಮಾಡಬಹುದು. ಬ್ಯಾಟರಿಯನ್ನೂ ಅಳೆಯಿರಿ. ವಿಶ್ರಾಂತಿಯಲ್ಲಿರುವ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12.2ಕ್ಕೆ ಇಳಿದಿದ್ದರೆ ಅದು ಅರ್ಧ ಖಾಲಿಯಾಗಿದೆ, ಮತ್ತು ವೋಲ್ಟೇಜ್ ಇನ್ನೂ ಕುಸಿದರೆ ಕೆಲವು ಅಲಾರಂಗಳು ಅದನ್ನೇ ಕಳ್ಳತನದ ಯತ್ನವೆಂದು ತಿಳಿದು ಕೂಗುತ್ತವೆ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವಾಗ, ನನ್ನ ಮೊದಲ ಅನುಮಾನ ಬಾನೆಟ್ ಸ್ವಿಚ್‌ನ ಮೇಲೆಯೇ.

ಹೊಸನಗರ ಘಾಟಿ:

ಸ್ವಿಚ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ತಾವು ಅದನ್ನು ಮಾಡಬಾರದೆಂದು. ನನ್ನ ಹಳೆಯ ಪೆಟ್ರೋಲ್ ವ್ಯಾನಿಗೆ ಸ್ಟಾರ್ಟರ್ ತಂತಿಯಲ್ಲಿ ಗುಪ್ತ ಸ್ವಿಚ್ ಹಾಕಿಸಿ, ಇನ್ನು ಯಾರೂ ಮುಟ್ಟಲಾರರೆಂದು ನೆಮ್ಮದಿಯಿಂದ ಇದ್ದೆ. ಒಂದು ಬೆಳಗ್ಗೆ ಬ್ಯಾಟರಿ ಬಡವಾಗಿ ಸ್ಟಾರ್ಟರ್ ತಿರುಗಲಿಲ್ಲ. ಎಂದಿನ ಅಭ್ಯಾಸದಂತೆ ಮನೆ ಮುಂದಿನ ಇಳಿಜಾರಿನಲ್ಲಿ ಗಾಡಿ ಬಿಟ್ಟು, ಎರಡನೇ ಗೇರ್‌ಗೆ ಹಾಕಿ ಕ್ಲಚ್ ಬಿಟ್ಟೆ, ಎಂಜಿನ್ ಹಿಡಿಯಿತು. ಅರ್ಧ ದಾರಿ ಹೋದ ಮೇಲೆ ಹೊಳೆಯಿತು: ಗುಪ್ತ ಸ್ವಿಚ್ ಇನ್ನೂ ‘ಆಫ್’ನಲ್ಲೇ ಇತ್ತು. ಬಯಲುಸೀಮೆಯಲ್ಲಿ ಸ್ಟಾರ್ಟರ್ ಕತ್ತರಿಸುವುದರಿಂದ ಸ್ವಲ್ಪ ಉಪಯೋಗವಿರಬಹುದು, ಆದರೆ ಮಲೆನಾಡಿನಲ್ಲಿ ಹೆಚ್ಚಿನ ಗಾಡಿಗಳು ಇಳಿಜಾರಿನಲ್ಲೇ ನಿಲ್ಲುತ್ತವೆ. ನಾನು ಸ್ಟಾರ್ಟ್ ಮಾಡಿದಂತೆ ಕಳ್ಳನೂ ಮಾಡಬಲ್ಲ.

ಸಾಗರದ ವೈರಿಂಗ್ ಕೆಲಸಗಾರ:

ಹೊಸನಗರದವರು ಹೇಳಿದ್ದೇ ಮುಖ್ಯ ಮಾತು. ತಮ್ಮ ಕಾರಿನಲ್ಲಿ ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಇಂಧನ ಸಿಂಪಡಿಸುವ) ಎಂಜಿನ್ ಇದ್ದರೆ ಇಂಧನ ಪಂಪ್ ವಿದ್ಯುತ್ತಿನದು. ಸ್ವಿಚ್ ಅದರ ರಿಲೇಗೆ ಇರಲಿ. ಅದನ್ನು ‘ಆಫ್’ ಮಾಡಿದ್ದರೆ ಪೈಪಿನಲ್ಲಿ ಉಳಿದ ಒತ್ತಡದಿಂದ ಎಂಜಿನ್ ಕೆಲವೇ ಕ್ಷಣ ಓಡಿ ನಿಂತುಬಿಡುತ್ತದೆ, ತಳ್ಳಿದರೂ ಹಿಡಿಯುವುದಿಲ್ಲ, ನೋಡುವವನಿಗೆ ಕೆಟ್ಟ ಕಾರಿನಂತೆ ಕಾಣುತ್ತದೆ. ಪಂಪಿನ ದಪ್ಪ ತಂತಿಯನ್ನೇ ಕತ್ತರಿಸಿ ಸಣ್ಣ ಸ್ವಿಚ್ ಮೂಲಕ ಹಾಯಿಸಿದರೆ ಹಲವು ಆಂಪಿಯರ್ ಹರಿದು ಸ್ವಿಚ್ ಬಿಸಿಯಾಗುತ್ತದೆ. ರಿಲೇಯನ್ನು ಎಳೆಯುವ ಕಾಯಿಲ್ ಬದಿಯಲ್ಲಿ, ಅಂದರೆ 85 ಅಥವಾ 86ನೇ ಕಾಲಿನ ತಂತಿಯಲ್ಲಿ ಹಾಕಿದರೆ ಕಾಲು ಆಂಪಿಯರ್‌ಗಿಂತಲೂ ಕಡಿಮೆ ಸಾಕು. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಬಹುತೇಕ ಪಂಪ್ ಯಾಂತ್ರಿಕವಾದ್ದರಿಂದ ಅಲ್ಲಿ ಇಗ್ನಿಷನ್ ಕಾಯಿಲ್‌ನ ತಂತಿಯೇ ಗತಿ. ಹಳೆಯ ಡೀಸೆಲ್ ಜೀಪ್ ಒಮ್ಮೆ ಓಡತೊಡಗಿದರೆ ಅದಕ್ಕೆ ವಿದ್ಯುತ್ತಿನ ಹಂಗೇ ಇಲ್ಲ, ಆದ್ದರಿಂದ ಅಲ್ಲಿ ಇಂಧನ ನಿಲ್ಲಿಸುವ ಸೋಲೆನಾಯ್ಡ್ (ವಿದ್ಯುತ್ತಿನ ಕವಾಟ) ಇದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ.

ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಈ ಸ್ವಿಚ್ ಸಡಿಲವಾದರೆ ಎಂಜಿನ್ ನಿಲ್ಲುವುದು ಚಪ್ಪರದಲ್ಲಲ್ಲ, ಆಗುಂಬೆ ಘಾಟಿಯ 14 ತಿರುವುಗಳ ನಡುವೆ. ಪೆಡಲ್ ತುಳಿತಕ್ಕೆ ಬಲ ಕೊಡುವ ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ನಿಂತ ಮೇಲೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಅದರ ನೆರವು ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ. ಹಾಗಾಗಿ ಅಗ್ಗದ ಸ್ವಿಚ್ ಬೇಡ, ಮೊಣಕಾಲು ತಾಗುವ ಜಾಗವೂ ಬೇಡ.

ಶಿವಮೊಗ್ಗ ವಿನೋಬನಗರ:

ಅಲಾರಂ ಬಿಟ್ಟರೆ ವಿಮೆಯಲ್ಲಿ ನಷ್ಟವೇ ಎಂಬ ಪ್ರಶ್ನೆಯೂ ಇದೆ. ಪುಣೆಯ ಎಆರ್‌ಎಐ (ವಾಹನ ಸಂಶೋಧನಾ ಸಂಸ್ಥೆ) ಅನುಮೋದಿಸಿದ ಕಳ್ಳತನ ನಿರೋಧಕ ಸಾಧನಕ್ಕೆ ಮೋಟಾರು ವಿಮಾ ದರಪಟ್ಟಿಯಲ್ಲಿ ಇದ್ದ ರಿಯಾಯಿತಿ, ಸ್ವಂತ ಹಾನಿಯ ಕಂತಿನ ಮೇಲೆ ಶೇ. 2.5, ಅದೂ ಗರಿಷ್ಠ 500 ರೂಪಾಯಿ ಮಾತ್ರ. ಅದಕ್ಕಿಂತ ಮುಖ್ಯವಾದುದು, ಹಳೆಯ ಕಾರಿಗೆ ಹಲವರು ಮೂರನೇ ವ್ಯಕ್ತಿಯ ವಿಮೆಯನ್ನಷ್ಟೇ ಮಾಡಿಸುತ್ತಾರೆ. ಅದರಲ್ಲಿ ಕಳ್ಳತನಕ್ಕೆ ಪರಿಹಾರವೇ ಇಲ್ಲ. ತಮ್ಮ ಪಾಲಿಸಿ ಯಾವುದೆಂದು ಇಂದೇ ನೋಡಿಕೊಳ್ಳಿ. ಸ್ವಿಚ್ ಹಾಕಿಸಿದ ಮೇಲೆ ಅದನ್ನು ಎಲ್ಲಿ ಅಡಗಿಸಿದ್ದೀರೆಂದು ದಯವಿಟ್ಟು ಇಲ್ಲಿ ಬರೆಯಬೇಡಿ.

ತೀರ್ಥಹಳ್ಳಿ ತೋಟಿಗ:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಬಾನೆಟ್ ಸ್ವಿಚ್‌ನ ರಬ್ಬರ್ ಹರಿದು, ಒಳಗೆ ಪೂರ್ತಿ ತುಕ್ಕು ತುಂಬಿತ್ತು. ಫ್ಯೂಸ್ ಮತ್ತೆ ಕೂರಿಸಿ, ಹೊಸ ಪಿನ್ ಸ್ವಿಚ್ ಹಾಕಿಸಿ, ಸೆನ್ಸರ್‌ನ ಸ್ಕ್ರೂವನ್ನು ಸ್ವಲ್ಪ ಇಳಿಸಿದ ಮೇಲೆ ನಾಲ್ಕು ರಾತ್ರಿಯ ಮಳೆಯಲ್ಲಿ ಅಲಾರಂ ಒಮ್ಮೆಯೂ ಕೂಗಿಲ್ಲವಾದ್ದರಿಂದ ಅದನ್ನು ತೆಗೆಸುತ್ತಿಲ್ಲ. ಇಂಧನ ಪಂಪಿನ ರಿಲೇಗೆ ಬೆಸುಗೆ ಹಾಕಿಯೇ ಸ್ವಿಚ್ ಕೂರಿಸಿದ್ದಾರೆ. ‘ಆಫ್’ ಮಾಡಿ, ನಮ್ಮ ಏರಿನಿಂದ ಗಾಡಿ ಬಿಟ್ಟು ಗೇರ್‌ಗೆ ಹಾಕಿ ನೋಡಿದೆ. ಎಂಜಿನ್ ಒಂದು ಗಳಿಗೆ ಹಿಡಿದಂತೆ ಮಾಡಿ ನಿಂತುಹೋಯಿತು. ವಿಮೆ ಮೂರನೇ ವ್ಯಕ್ತಿಯದ್ದೇ ಆಗಿತ್ತು. ಮುಂದಿನ ವಾರ ಪೇಟೆಗೆ ಹೋದಾಗ ಅದನ್ನು ವಿಚಾರಿಸುತ್ತೇನೆ.