ಬಾಂಡ್‌ಗೆ ಸಹಿ ಮಾಡಿದ್ದೇನೆ, ಕೆಲಸ ಬಿಡಬಹುದಾ? (ವಕೀಲರಿಗೆ ಕೇಳಿ)

ಪ್ರಶ್ನೆ (ಬಾಗಲಕೋಟೆಯ ಸದಸ್ಯೆ)

ನಮಸ್ಕಾರ ರೀ ಮೇಡಮ್. ಬಿ.ಇ. ಮುಗಿಸಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಸೇರಿ ಹನ್ನೊಂದು ತಿಂಗಳಾಯಿತು. ಕೈಗೆ ಬರೋ ಸಂಬಳ 18,000. ಸೇರಿದ ಎರಡನೇ ದಿನ ಸ್ಟ್ಯಾಂಪ್ ಪೇಪರ್ ಮೇಲೆ ಎರಡು ವರ್ಷದ ಬಾಂಡ್‌ಗೆ ಸಹಿ ಮಾಡಿಸಿಕೊಂಡರು. ನಡುವೆ ಬಿಟ್ಟರೆ ಎರಡೂವರೆ ಲಕ್ಷ ಕಟ್ಟಬೇಕು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲಾ ಅವರ ಹತ್ತಿರ ಇವೆ. ಸಹಿ ಮಾಡಿದ ಎರಡು ಖಾಲಿ ಚೆಕ್ ಕೂಡ ಕೊಟ್ಟಿದ್ದೇನೆ. ಬಿಟ್ಟ ಮೇಲೆ ಒಂದು ವರ್ಷ ಇದೇ ತರಹದ ಬೇರೆ ಕಂಪನಿ ಸೇರುವಂತಿಲ್ಲ ಅಂತಲೂ ಬರೆದಿದೆ. ಟ್ರೇನಿಂಗ್ ಅಂತ ಇದ್ದದ್ದು ಮೂರು ವಾರ, ವಿಡಿಯೋ ತೋರಿಸಿದರು. ನಾಲ್ಕನೇ ವಾರ ಕ್ಲೈಂಟ್ ಪ್ರಾಜೆಕ್ಟ್‌ಗೆ ಹಾಕಿದರು.

ಈಗ ಪುಣೆಯಲ್ಲಿ ಒಂದು ಒಳ್ಳೆಯ ಆಫರ್ ಸಿಕ್ಕಿದೆ. ಎಚ್‌ಆರ್‌ಗೆ ಹೇಳಿದರೆ, "ನೀನೇ ಒಪ್ಪಿ ಸಹಿ ಮಾಡಿದ್ದು, ಯಾರೂ ಕೈ ಹಿಡಿದು ಬರೆಸಿಲ್ಲ" ಅಂದರು. ಅಪ್ಪನೂ "ಸಹಿ ಅಂದರೆ ಮಾತು ಕೊಟ್ಟ ಹಾಗೆ" ಅಂತಾರೆ. ನನಗೆ ಅದೇ ಜಾಸ್ತಿ ಚುಚ್ಚುತ್ತಿದೆ. ನಾನು ಮಾತಿಗೆ ತಪ್ಪುತ್ತಿದ್ದೀನಾ?

ಉತ್ತರ (ವಕೀಲರು, ಬೆಳಗಾವಿ)

ತಂಗಿ, ನಿಮ್ಮ ಅಪ್ಪನ ಮಾತಿನಿಂದಲೇ ಶುರು ಮಾಡುತ್ತೇನೆ. ಮಾತು ಕೊಟ್ಟರೆ ಉಳಿಸಿಕೊಳ್ಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ "ಒಲ್ಲೆ" ಅನ್ನೋದಕ್ಕೆ ಜಾಗ ಇದ್ದಾಗ ಕೊಟ್ಟಿದ್ದು ಮಾತು. ಆಫರ್ ಲೆಟರ್ ತೆಗೆದು ನೋಡಿ. ಬಾಂಡ್ ವಿಷಯ ಅದರಲ್ಲಿ ಇತ್ತಾ? ಇಲ್ಲ ಅಂದರೆ ನೀವು ಕ್ಯಾಂಪಸ್‌ನ ಬೇರೆ ಅವಕಾಶ ಬಿಟ್ಟು, ಊರು ಬಿಟ್ಟು, ಪಿಜಿಗೆ ಅಡ್ವಾನ್ಸ್ ಕಟ್ಟಿ ಬಂದ ಮೇಲೆ ಆ ಕಾಗದ ಮುಂದಿಟ್ಟಿದ್ದಾರೆ. ಆ ಹೊತ್ತಿನಲ್ಲಿ ಪೆನ್ನು ಕೆಳಗಿಡೋಕೆ ಎಷ್ಟು ಜನರಿಗೆ ಆಗುತ್ತದೆ? ಇದನ್ನು ಅಪ್ಪನಿಗೆ ಹೇಳಿ. ಅವರಿಗೆ ಅರ್ಥವಾಗುತ್ತದೆ.

ಈಗ ಕಾನೂನು. ನಿಮ್ಮನ್ನು ಬಲವಂತವಾಗಿ ಆ ಕುರ್ಚಿಯಲ್ಲಿ ಕೂರಿಸಿಕೊಳ್ಳೋಕೆ ಯಾರಿಂದಲೂ ಆಗಲ್ಲ. ಖಾಸಗಿ ಕಂಪನಿಯ ನೌಕರರಿಗೆ "ಹೋಗಿ ಅಲ್ಲೇ ದುಡಿಯಿರಿ" ಅಂತ ಕೋರ್ಟ್ ಆದೇಶ ಕೊಡಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯೇ ಅದಕ್ಕೆ ಬಾಗಿಲು ಹಾಕಿದೆ. ಅವರು ಕೇಳಬಹುದಾದದ್ದು ದುಡ್ಡು ಮಾತ್ರ. ಎಷ್ಟು ದುಡ್ಡು ಅನ್ನೋದೇ ಪ್ರಶ್ನೆ.

1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬಾಂಡ್‌ನಲ್ಲಿ ಬರೆದ ಮೊತ್ತ ಮೇಲಿನ ಮಿತಿ. ಎರಡೂವರೆ ಲಕ್ಷ ಅಂತ ಬರೆದರೆ ಎರಡೂವರೆ ಲಕ್ಷವೇ ಸಿಗುತ್ತದೆ ಅಂತಲ್ಲ. ನ್ಯಾಯವಾದ ಪರಿಹಾರ ಅಷ್ಟೇ, ಅದೂ ನಷ್ಟ ಆಗಿದ್ದರೆ. ಮೂರು ವಾರ ವಿಡಿಯೋ ತೋರಿಸಿ, ನಾಲ್ಕನೇ ವಾರದಿಂದ ನಿಮ್ಮ ಕೆಲಸಕ್ಕೆ ಕ್ಲೈಂಟ್ ಹತ್ತಿರ ಬಿಲ್ ಮಾಡಿದವರು ಯಾವ ಲೆಕ್ಕ ತೋರಿಸುತ್ತಾರೆ?

ಆದರೆ "ಬಾಂಡ್ ಅಂದರೆ ಬರೀ ಕಾಗದ, ಹರಿದು ಹಾಕಿ" ಅಂತ ವಾಟ್ಸಾಪ್‌ನಲ್ಲಿ ಓಡಾಡೋ ಮಾತು ನಂಬಬೇಡಿ. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಂಡ್ ಎತ್ತಿಹಿಡಿದಿದೆ. ಮೂರು ವರ್ಷ ಸೇವೆ ಮಾಡಬೇಕು, ಇಲ್ಲ ಅಂದರೆ ಎರಡು ಲಕ್ಷ ಅಂತ ಕರಾರು. ಅಧಿಕಾರಿ ಮೊದಲೇ ಬಿಟ್ಟು ಬೇರೆ ಬ್ಯಾಂಕ್‌ಗೆ ಹೋಗಿದ್ದರು. ಕರ್ನಾಟಕ ಹೈಕೋರ್ಟ್‌ನಲ್ಲಿ ಅವರು ಗೆದ್ದಿದ್ದರು, ದೆಹಲಿಯಲ್ಲಿ ಸೋತರು. ಆದರೆ ತೀರ್ಪಿನ ಒಳಗೆ ನೋಡಿ. ಅದು ಸರ್ಕಾರಿ ಬ್ಯಾಂಕ್. ಅಲ್ಲಿ ಒಂದು ಹುದ್ದೆ ತುಂಬಬೇಕಾದರೆ ಮತ್ತೆ ಜಾಹೀರಾತು, ಪರೀಕ್ಷೆ, ಸಂದರ್ಶನ. ಅವರದು ಒಳ್ಳೆಯ ಸಂಬಳದ ಮ್ಯಾನೇಜರ್ ಹುದ್ದೆ. ರಾಜೀನಾಮೆಯೇ ಕನಸಾಗುವಷ್ಟು ದೊಡ್ಡ ಮೊತ್ತ ಅದಲ್ಲ ಅಂತ ಕೋರ್ಟ್ ತೂಗಿ ನೋಡಿತು. ನಿಮ್ಮ ಎರಡೂವರೆ ಲಕ್ಷವನ್ನು 18,000ದಿಂದ ಭಾಗಿಸಿ. ಹೆಚ್ಚುಕಡಿಮೆ ಹದಿನಾಲ್ಕು ತಿಂಗಳ ಸಂಬಳ! ನೀವು ಇಲ್ಲಿವರೆಗೆ ದುಡಿದದ್ದಕ್ಕಿಂತ ಜಾಸ್ತಿ. ಅದೇ ತೀರ್ಪನ್ನು ನಿಮ್ಮ ಪರವಾಗಿ ಓದಲು ಇಷ್ಟು ಸಾಕು.

ಒಂದು ವರ್ಷ ಬೇರೆ ಕಡೆ ಸೇರಬಾರದು ಅನ್ನೋ ಷರತ್ತಿಗೆ ಹೆದರಲೇಬೇಡಿ. ಅದೇ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಕೆಲಸ ಬಿಟ್ಟ ಮೇಲಿನ ಇಂಥ ತಡೆ ಅನೂರ್ಜಿತ. ಕ್ಯಾಲಿಫೋರ್ನಿಯಾದಲ್ಲೂ ಹೆಚ್ಚುಕಡಿಮೆ ಇದೇ ಕಾನೂನು ಇದೆ, ಅದೂ 1872ರದ್ದೇ. ಎರಡಕ್ಕೂ ಮೂಲ ನ್ಯೂಯಾರ್ಕ್‌ಗಾಗಿ ತಯಾರಾಗಿದ್ದ ಒಂದೇ ಕರಡು. ಸಿಲಿಕಾನ್ ವ್ಯಾಲಿಯ ಎಂಜಿನಿಯರ್ ಇವತ್ತು ಒಂದು ಕಂಪನಿ ಬಿಟ್ಟು ನಾಳೆ ಎದುರಿನ ಕಟ್ಟಡದಲ್ಲಿ ಕೆಲಸಕ್ಕೆ ಸೇರುವುದು ಈ ಕಾನೂನಿನ ಬಲದಿಂದ. ಬಾಗಲಕೋಟೆಯ ನಿಮಗೂ ಆ ಹಕ್ಕು ಅಷ್ಟೇ ಇದೆ.

ಕಂಪನಿಯ ಗುಟ್ಟು ಕಾಪಾಡೋ ಷರತ್ತು ಮಾತ್ರ ನಿಲ್ಲುತ್ತದೆ. ಒಂದು ಸಾಲು ಕೋಡ್ ಕೂಡ ನಿಮ್ಮ ಜಿಮೇಲ್‌ಗೆ ಕಳಿಸಿಕೊಳ್ಳಬೇಡಿ. ಲ್ಯಾಪ್‌ಟಾಪ್ ವಾಪಸ್ ಕೊಡುವಾಗ ಬರವಣಿಗೆಯಲ್ಲಿ ರಸೀದಿ ತಗೊಳ್ಳಿ.

ನನಗೆ ನಿಜವಾದ ಚಿಂತೆ ಇರೋದು ಚೆಕ್‌ಗಳದ್ದು. ಖಾಲಿ ಚೆಕ್ ತಾನೇ ಅಂತ ಹಗುರ ಮಾಡಬೇಡಿ. ಸಹಿ ಇದ್ದರೆ ಅದು ಸಾಲ ತೀರಿಸಲು ಕೊಟ್ಟ ಚೆಕ್ ಅಂತಲೇ ಕಾನೂನು ಮೊದಲು ಭಾವಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಖಾಲಿ ಚೆಕ್‌ಗೂ ಇದು ಅನ್ವಯ ಅಂತ ಹೇಳಿದೆ. ಅಲ್ಲ ಅಂತ ತೋರಿಸೋ ಹೊಣೆ ನಿಮ್ಮದಾಗುತ್ತದೆ. ಹಾಗಾಗಿ ಇವತ್ತೇ ಕಂಪನಿಗೆ ಇಮೇಲ್ ಬರೆಯಿರಿ. ಚೆಕ್ ನಂಬರ್, ಕೊಟ್ಟ ತಾರೀಖು, ಭದ್ರತೆಗೆ ಮಾತ್ರ ಕೊಟ್ಟದ್ದು, ಯಾವ ಸಾಲವೂ ಇಲ್ಲ, ವಾಪಸ್ ಕೊಡಿ, ಇಷ್ಟು ಇರಲಿ. ನಾಳೆ ಚೆಕ್ ಬೌನ್ಸ್ ಆಗಿ ನೋಟಿಸ್ ಬಂದರೆ ಹದಿನೈದು ದಿನ ಕೈಕಟ್ಟಿ ಕೂರಬೇಡಿ. ಆ ದಿನವೇ ವಕೀಲರ ಹತ್ತಿರ ಹೋಗಿ.

ಮಾರ್ಕ್ಸ್ ಕಾರ್ಡ್ ಅಡವಿಡುವ ಬಂಗಾರ ಅಲ್ಲ. ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಲೀಗಲ್ ನೋಟಿಸ್, ಆಮೇಲೆ ಪೊಲೀಸ್ ದೂರು. ಒಮ್ಮೆ ಬೆಳಗಾವಿಯ ಕೋರ್ಟ್ ಆವರಣದಲ್ಲಿ ಒಬ್ಬ ಹುಡುಗ ನನ್ನ ಮುಂದೆ ಒಂದು ಪ್ಲಾಸ್ಟಿಕ್ ಫೈಲ್ ಬಿಚ್ಚಿದ. ಪ್ರತಿ ಹಾಳೆಯ ಜಾಗದಲ್ಲಿ ಒಂದೊಂದು ಜೆರಾಕ್ಸ್ ಇತ್ತು. ಎಸ್ಸೆಸ್ಸೆಲ್ಸಿಯಿಂದ ಎಂಟನೇ ಸೆಮಿಸ್ಟರ್ ತನಕ ಒಂದೂ ಒರಿಜಿನಲ್ ಇರಲಿಲ್ಲ. ಅವನ ತಾಯಿ ಪ್ರತಿ ವರ್ಷ ಫೀ ಕಟ್ಟಿದ ಚೀಟಿಗಳು ಮಾತ್ರ ಅಸಲಿ ಇದ್ದವು. ಆ ಫೈಲ್ ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ.

ಪ್ರತಿಕ್ರಿಯೆ (ವಿಜಯಪುರದವರು, ಬೆಂಗಳೂರಿನಲ್ಲಿ ಟೀಮ್ ಲೀಡ್)

ಮೇಡಮ್, ನಿಮ್ಮ ಬಗ್ಗೆ ಗೌರವ ಇದೆ, ಆದರೂ ಒಂದು ಮಾತು. ಕೆಲಸ ಅನ್ನೋದು ಇಬ್ಬರು ಸ್ವಂತ ಇಷ್ಟದಿಂದ ಮಾಡಿಕೊಳ್ಳೋ ಒಪ್ಪಂದ. ಇಷ್ಟ ಇಲ್ಲದಿದ್ದರೆ ಸೇರಬಾರದಿತ್ತು. ಕಂಪನಿ ಯಾರನ್ನೂ ಹಗ್ಗ ಹಾಕಿ ಎಳೆದು ತರಲ್ಲ. ಐಟಿಯವರಿಗೆ ಇರುವಷ್ಟು ಸ್ವಾತಂತ್ರ್ಯ ಬೇರೆ ಯಾರಿಗಿದೆ?

ಉತ್ತರ (ವಕೀಲರು)

ಅಣ್ಣಾರೇ, ನಿಮ್ಮ ಮಾತಿನಲ್ಲಿ ಒಂದು ನಿಜ ಇದೆ. ಕೆಲಸ ಇಬ್ಬರ ಒಪ್ಪಿಗೆಯಿಂದಲೇ ಆಗಬೇಕು. ನಾನು ಕೇಳೋದು, ಆ ಒಪ್ಪಿಗೆ ಸೇರುವ ದಿನಕ್ಕೆ ಮುಗಿಯುತ್ತದಾ ಅಂತ.

ನಮ್ಮಪ್ಪ ಬನಹಟ್ಟಿಯಲ್ಲಿ ಪವರ್‌ಲೂಮ್ ಮೇಲೆ ಸೀರೆ ನೇಯುತ್ತಿದ್ದರು. ಮಗ್ಗ ಮಾಲೀಕರದು. ನಮ್ಮ ಅಕ್ಕನ ಮದುವೆಗೆ ಮುಂಗಡ ತಗೊಂಡರು. ಮಾಲೀಕರ ಹತ್ತಿರ ಕೆಂಪು ರಟ್ಟಿನ ಪುಸ್ತಕ ಇತ್ತು, ಅದರಲ್ಲಿ ಅಪ್ಪನ ಹೆಸರಿನ ಮುಂದೆ ಬಾಕಿ. ಬಟವಾಡೆ ದಿನ ಒಂದಿಷ್ಟು ಮುರಿದುಕೊಳ್ಳುತ್ತಿದ್ದರು. ಬೇರೆ ಮಾಲೀಕರ ಹತ್ತಿರ ಹೋಗಬೇಕೆಂದರೆ ಆ ಹೊಸ ಮಾಲೀಕರು ಹಳೆಯ ಬಾಕಿ ಕಟ್ಟಬೇಕು. ಕಟ್ಟಿದರು ಕೂಡ. ಬಾಕಿ ಇನ್ನೊಂದು ಪುಸ್ತಕಕ್ಕೆ ಹೋಯಿತು. ಅಪ್ಪನೂ ಮುಂಗಡ ಇಷ್ಟಪಟ್ಟೇ ತಗೊಂಡಿದ್ದರು, ಯಾರೂ ಹಗ್ಗ ಹಾಕಿರಲಿಲ್ಲ. ಈಗ ಹೊಸ ಕಂಪನಿ ಹಳೆ ಕಂಪನಿಗೆ ನೋಟಿಸ್ ಅವಧಿಯ ದುಡ್ಡು ಕಟ್ಟಿ ಕರೆದುಕೊಂಡು ಹೋಗೋದಕ್ಕೆ ಬೈಔಟ್ ಅಂತೀರಲ್ಲ, ಆ ಪದ ಮೊದಲ ಸಲ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕೆಂಪು ಪುಸ್ತಕ.

ಸಾಫ್ಟ್‌ವೇರ್ ಕೆಲಸ ಜೀತ ಅಂತ ನಾನು ಹೇಳಲ್ಲ. ಹಾಗೆ ಹೇಳಿದರೆ ಜೀತ ಕಂಡವರಿಗೆ ಅವಮಾನ. ಆದರೆ ಬಲವಂತ ಅಂದರೆ ಹಗ್ಗ, ಬಡಿಗೆ ಮಾತ್ರ ಅಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ದೆಹಲಿಯ ಏಷ್ಯನ್ ಗೇಮ್ಸ್‌ಗೆ ಸ್ಟೇಡಿಯಂ ಕಟ್ಟುತ್ತಿದ್ದ ಕೂಲಿಯವರ ಪ್ರಕರಣ ಅದು. ಹಸಿವು, ಬಡತನದಿಂದ ಬೇರೆ ದಾರಿ ಇಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದೂ ಸಂವಿಧಾನದ 23ನೇ ವಿಧಿ ತಡೆಯುವ ಬಲವಂತದ ದುಡಿಮೆ ಅಂತ ಕೋರ್ಟ್ ಹೇಳಿತು. ಒಪ್ಪಿಗೆಯನ್ನು ಹೇಗೆ ನೋಡಬೇಕು ಅಂತ ನನಗೆ ಕಲಿಸಿದ್ದು ಆ ತೀರ್ಪು.

ಮುಕ್ತ ಮಾರುಕಟ್ಟೆಯನ್ನು ಕಂಪನಿಗಳೇ ಮುಚ್ಚಿದ ಉದಾಹರಣೆಯೂ ಇದೆ. ಆಪಲ್, ಗೂಗಲ್, ಇಂಟೆಲ್, ಅಡೋಬಿಯಂಥ ಕಂಪನಿಗಳು "ನಿಮ್ಮ ಎಂಜಿನಿಯರ್‌ಗಳಿಗೆ ನಾವು ಫೋನ್ ಮಾಡಲ್ಲ, ನಮ್ಮವರಿಗೆ ನೀವು ಮಾಡಬೇಡಿ" ಅಂತ ತಮ್ಮೊಳಗೇ ಮಾತಾಡಿಕೊಂಡಿದ್ದವು. 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೇಸ್ ಹಾಕಿ ಅದನ್ನು ನಿಲ್ಲಿಸಿತು. ಎಂಜಿನಿಯರ್‌ಗಳೂ ದಾವೆ ಹೂಡಿದರು. ಈ ನಾಲ್ಕು ಕಂಪನಿಗಳು 41.5 ಕೋಟಿ ಡಾಲರ್ ಕೊಡಲು ಒಪ್ಪಿದವು, 2015ರಲ್ಲಿ ಕೋರ್ಟ್ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ಎಂಜಿನಿಯರ್‌ಗಳೂ ಇಷ್ಟಪಟ್ಟೇ ಕೆಲಸಕ್ಕೆ ಸೇರಿದವರು. ತಮ್ಮ ಬೆನ್ನ ಹಿಂದೆ ಬಾಗಿಲು ಹಾಕಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಪ್ರತಿಕ್ರಿಯೆ (ಬೆಳಗಾವಿ, ಟಿಳಕವಾಡಿಯಲ್ಲಿ ಸಣ್ಣ ಕಂಪನಿ ನಡೆಸುವವರು)

ಅಕ್ಕಾರೇ, ನಮ್ಮ ಪರ ಯಾರು ಮಾತಾಡಬೇಕು? ನಮ್ಮದು ಹದಿನಾಲ್ಕು ಜನರ ಆಫೀಸ್. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆರು ತಿಂಗಳು ಕಲಿಸುತ್ತೇನೆ. ಕೈ ಕುದುರಿದ ತಕ್ಷಣ ಪುಣೆಗೆ ಹೋಗುತ್ತಾರೆ. ಪ್ರಾಜೆಕ್ಟ್ ಅರ್ಧಕ್ಕೆ ನಿಲ್ಲುತ್ತದೆ. ಬಾಂಡ್ ಇಲ್ಲದೆ ನಾವು ಬದುಕೋದು ಹೇಗೆ?

ಉತ್ತರ (ವಕೀಲರು)

ನಿಮ್ಮ ಕಷ್ಟ ಸುಳ್ಳಲ್ಲ. ಊರಲ್ಲೇ ಕಂಪನಿ ಕಟ್ಟಿ ಇಲ್ಲಿನ ಮಕ್ಕಳಿಗೆ ಕೆಲಸ ಕೊಡುವವರು ಉಳಿಯಬೇಕು ಅನ್ನೋ ಆಸೆ ನನಗೂ ಇದೆ.

ಬಾಂಡ್ ಬರೆಸಿ, ಆದರೆ ನಿಜ ಬರೆಸಿ. ಕಲಿಸೋಕೆ ನಿಮಗೆ ನಿಜವಾಗಿ ಖರ್ಚಾದದ್ದು ಎಷ್ಟು? ಆ ಲೆಕ್ಕ ಆಫರ್ ಲೆಟರ್ ಜೊತೆಗೇ ಕೊಡಿ. ಮನೆಗೆ ಒಯ್ದು ಓದಿಕೊಂಡು ಬರೋಕೆ ಒಂದು ವಾರ ಬಿಡಿ. ಕೆಲಸ ಮಾಡಿದ ಪ್ರತಿ ತಿಂಗಳಿಗೂ ಮೊತ್ತ ಇಳಿಯುತ್ತಾ ಹೋಗಲಿ. ಹದಿನೈದನೇ ತಿಂಗಳಲ್ಲಿ ಹೋಗುವವನೂ ಎರಡನೇ ತಿಂಗಳಲ್ಲಿ ಹೋಗುವವನೂ ಒಂದೇ ಮೊತ್ತ ಕಟ್ಟಬೇಕು ಅಂದರೆ ಅದು ದಂಡ ಆಗುತ್ತದೆ. ಹೀಗೆ ಬರೆದ ಬಾಂಡ್ ಕೋರ್ಟ್‌ನಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಸಾಧ್ಯ ಆದರೆ ಇದನ್ನು ತಿರುಗಿಸಿ: ಬಿಟ್ಟವರಿಗೆ ದಂಡ ಹಾಕುವ ಬದಲು ಒಂದು ವರ್ಷ ಇದ್ದವರಿಗೆ ಬೋನಸ್ ಇಡಿ. ಒರಿಜಿನಲ್ ಸರ್ಟಿಫಿಕೇಟ್, ಖಾಲಿ ಚೆಕ್ ಮಾತ್ರ ಯಾವತ್ತೂ ಮುಟ್ಟಬೇಡಿ. ನಿಮ್ಮ ಬೀರುವಿನಲ್ಲಿ ಈಗ ಯಾರದ್ದಾದರೂ ಇದ್ದರೆ ಸೋಮವಾರವೇ ವಾಪಸ್ ಕೊಟ್ಟುಬಿಡಿ, ಕೈ ಮುಗಿದು ಕೇಳುತ್ತೇನೆ.

ಪ್ರಶ್ನೆ (ಇಂಡಿ ಕಡೆಯವರು, ಮನೆಯಿಂದಲೇ ಕೆಲಸ)

ಸಂಜೆ ಹೊತ್ತು ಡ್ರಿಪ್ ಪೈಪ್ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಟ್ಟೆ. ಕಂಪನಿಗೆ ಗೊತ್ತಾದರೆ ತೆಗೆದುಹಾಕುತ್ತಾರಾ? ನನ್ನ ಸಂಜೆಯ ಹೊತ್ತೂ ಅವರದೇನಾ?

ಉತ್ತರ (ವಕೀಲರು)

ತಮ್ಮಾ, ಇಲ್ಲಿ ಕಾನೂನು ಕಂಪನಿ ಕಡೆ ಸ್ವಲ್ಪ ಜಾಸ್ತಿ ವಾಲುತ್ತದೆ. ಕೆಲಸದಲ್ಲಿ ಇರೋ ತನಕ ಬೇರೆಯವರಿಗೆ ದುಡಿಯಬಾರದು ಅನ್ನೋ ಷರತ್ತು ಸಿಂಧು ಅಂತ 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2022ರಲ್ಲಿ ವಿಪ್ರೋ ಪೈಪೋಟಿಯ ಕಂಪನಿಗಳಿಗೂ ದುಡಿಯುತ್ತಿದ್ದ 300 ಜನರನ್ನು ತೆಗೆದದ್ದು ನೆನಪಿರಬೇಕು. ಡ್ರಿಪ್ ಅಂಗಡಿ ನಿಮ್ಮ ಕಂಪನಿಗೆ ಪೈಪೋಟಿ ಅಲ್ಲ, ನಿಜ. ಆದರೂ ಮೊದಲು ಇಮೇಲ್‌ನಲ್ಲಿ ಅನುಮತಿ ಕೇಳಿ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಒಂದು ಪುಟವನ್ನೂ ಮಾಡಬೇಡಿ. ಹಾಗೆ ಮಾಡಿದರೆ ಆ ವೆಬ್‌ಸೈಟ್ ಯಾರದ್ದು ಅನ್ನೋ ಜಗಳ ಬೇರೆ ಶುರುವಾಗುತ್ತದೆ. ಸಂಜೆ ನಿಮ್ಮದೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಸಹಿ ಮಾಡಿದ ಕಾಗದ ಏನು ಹೇಳುತ್ತದೆ ಅಂತ ನೋಡದೆ ನಿಮಗೆ ಧೈರ್ಯ ಹೇಳಲಾರೆ.

ಮರುಪ್ರಶ್ನೆ (ಬಾಗಲಕೋಟೆಯ ಸದಸ್ಯೆ)

ಮೇಡಮ್, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡು, "ಎರಡನೇ ದಿನ ಬರೆಸಿದರು ಅಂತ ನನಗ್ಯಾಕೆ ಹೇಳಲಿಲ್ಲ" ಅಂದರು. ಆಫರ್ ಲೆಟರ್‌ನಲ್ಲಿ ಬಾಂಡ್ ಇಲ್ಲ, ಹುಡುಕಿ ನೋಡಿದೆ. ಚೆಕ್ ಬಗ್ಗೆ ಇಮೇಲ್ ಕಳಿಸಿದ್ದೇನೆ. ವಕೀಲರ ಫೀ ಕಟ್ಟೋಕೆ ಈಗ ಕಷ್ಟ. ನೋಟಿಸ್ ಅವಧಿ ಮುಗಿಸಲೇಬೇಕಾ? ಪಿಎಫ್ ತಡೆ ಹಿಡಿಯುತ್ತಾರಾ?

ಉತ್ತರ (ವಕೀಲರು)

ನೋಟಿಸ್ ಅವಧಿ ಮುಗಿಸಿಯೇ ಹೊರಡಿ. ಕೈಯಲ್ಲಿರೋ ಕೆಲಸ ಒಪ್ಪಿಸಿ, ಯಾರಿಗೆ ಏನು ಒಪ್ಪಿಸಿದಿರಿ ಅಂತ ಇಮೇಲ್ ಮಾಡಿ. ನೀವು ಅಂಜಿ ಓಡಿಹೋದವರಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಪಿಎಫ್ ನಿಮ್ಮ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಜೊತೆಗೇ ಬರುತ್ತದೆ, ಕಂಪನಿ ಅದನ್ನು ಹಿಡಿದಿಡಲಾರದು. ಬಿಟ್ಟ ತಾರೀಖನ್ನು ಅವರು ಹಾಕದಿದ್ದರೆ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಬಾಕಿ ವೇತನವನ್ನು ನೀವು ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯಲ್ಲಿ ಇದು ಸ್ಪಷ್ಟವಾಗಿದೆ.

ಫೀ ಚಿಂತೆ ಬಿಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿದೆ, ಅದಕ್ಕೆ ಆದಾಯದ ಮಿತಿ ಇಲ್ಲ. ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆಫರ್ ಲೆಟರ್, ಬಾಂಡ್‌ನ ಪ್ರತಿ, ಹನ್ನೊಂದು ತಿಂಗಳ ಪೇ ಸ್ಲಿಪ್, ಚೆಕ್ ಬಗ್ಗೆ ಬರೆದ ಇಮೇಲ್ ಜೊತೆಗಿರಲಿ. ಅಪ್ಪನನ್ನೂ ಕರೆದುಕೊಂಡು ಹೋಗಿ.