ಕೂತಲ್ಲೇ ಎರಡು ಸಾವಿರ ಹೆಜ್ಜೆ

ಬೆಳಗ್ಗೆ ಆರೂವರೆಗೆ ತುಮಕೂರಿನ ಅಮಾನಿಕೆರೆ ಏರಿ ಮೇಲೆ ಬಂದರೆ, ಬೆಂಚಿನ ಮೇಲೆ ಒಬ್ಬ ದಪ್ಪನೆಯ ಮನುಷ್ಯ ಕೂತು ಎಡಗೈಯೊಂದನ್ನೇ ಹಿಂದೆ ಮುಂದೆ ಬೀಸುತ್ತಿರುವುದು ಕಾಣುತ್ತದೆ. ಹೊಸಬರು ಪಾಪ, ಲಕ್ವ ಹೊಡೆದು ಸುಧಾರಿಸಿಕೊಳ್ಳುತ್ತಿರಬೇಕು ಅಂದುಕೊಂಡು ಕನಿಕರದಿಂದ ನೋಡುತ್ತಾರೆ. ಹಾಗೇನಿಲ್ಲ. ಅವನು ನಮ್ಮ ಡ್ರೈವರ್ ರಂಗಣ್ಣ. ವಾಕಿಂಗ್ ಮಾಡುತ್ತಿದ್ದಾನೆ.

ವಿಷಯ ಏನೆಂದರೆ, ಬೆಂಗಳೂರಿನಲ್ಲಿರುವ ಮಗಳು ಅವನಿಗೊಂದು ಸ್ಮಾರ್ಟ್ ವಾಚು ಕಟ್ಟಿಸಿದ್ದಾಳೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಬೇಕು ಅಂತ ಆಜ್ಞೆ. ಲೆಕ್ಕವೆಲ್ಲ ಅವಳ ಮೊಬೈಲಿಗೇ ಹೋಗುತ್ತದಂತೆ. ಕಡಿಮೆ ಬಿದ್ದ ದಿನ ಸಂಜೆ ಏಳಕ್ಕೆ ಸರಿಯಾಗಿ ಫೋನು: "ಅಪ್ಪಾ, ಇವತ್ತು ಬರೀ ಮೂರು ಸಾವಿರ. ಮೈ ಹುಷಾರಿಲ್ವಾ?" ಮೂವತ್ತು ವರ್ಷ ಬಸ್ಸು ಓಡಿಸಿ ಒಂದು ಮೆಮೋ ಪಡೆಯದ ಮನುಷ್ಯನಿಗೆ ಈಗ ದಿನಾ ಸಂಜೆ ಮೆಮೋ.

"ಎಷ್ಟಾಯ್ತೋ?" ಅಂದ ಕಂಡಕ್ಟ್ರು. ಅವನ ಹೆಸರು ನಮಗೆಲ್ಲ ಮರೆತೇಹೋಗಿದೆ. ರಂಗಣ್ಣನ ಬಸ್ಸಿನಲ್ಲೇ ಸೀಟಿ ಊದಿ ರಿಟೈರಾದವನು, ಒಣಗಿದ ಹುಣಸೆ ಬರಲಿನ ಹಾಗಿದ್ದಾನೆ.

"ಎರಡು ಸಾವಿರದ ನೂರು."

"ಎದ್ದೇ ಇಲ್ವಲ್ಲೋ ನೀನು!"

"ವಾಚಿಗೆ ಗೊತ್ತಾಗಲ್ಲ ಕಣೋ."

ಇದರ ಮರ್ಮ ಬಿಡಿಸಿದ್ದು ಪಾಷಾ. ನಮ್ಮೂರ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಾಲಿ ಜೋಡಿಸಿದವನು, ವಾಚಿನ ವಿಷಯದಲ್ಲಿ ಅವನ ಮಾತೇ ಕೊನೆ. "ಅದರೊಳಗೆ ಅಲುಗಾಟ ಅಳೆಯೋ ಒಂದು ಚಿಪ್ ಇರುತ್ತೆ ರಂಗಣ್ಣ. ಕೈ ಒಂದೇ ಲಯದಲ್ಲಿ ಆಡಿದ್ರೆ ನಡೀತಾ ಇದ್ದಾನೆ ಅಂದ್ಕೊಳ್ಳುತ್ತೆ. ಕಾಲು ಎಲ್ಲಿದೆ ಅಂತ ಅದಕ್ಕೇನು ಗೊತ್ತು?"

"ಅದಕ್ಕೇ ಅಂತೀನಿ!" ರಂಗಣ್ಣ ತೊಡೆ ತಟ್ಟಿಕೊಂಡ. "ಮೊನ್ನೆ ಸ್ನಾನಕ್ಕೆ ಹೋಗೋವಾಗ ಬಿಚ್ಚಿಟ್ಟಿದ್ದೆ. ನಮ್ಮನೆಯೋಳು ಹೆಂಗಿರುತ್ತೆ ನೋಡಾನ ಅಂತ ಕಟ್ಕಂಡು ಹಿಟ್ಟು ತೊಳಸಿದ್ಲು. ಬಂದು ನೋಡ್ತೀನಿ, ನಾನೂರು ಹೆಜ್ಜೆ ಜಾಸ್ತಿ ಆಗೈತೆ!"

"ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಅನ್ನೋದು ಹಳೇ ಮಾತು. ಈಗ ತಿನ್ನಲೂ ಬೇಕಿಲ್ಲ, ತೊಳಸಿದರೆ ಸಾಕು" ಅಂದೆ ನಾನು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. ಪೆನ್ಷನ್ ಬಂದರೂ ಪಾಠ ನಿಂತಿಲ್ಲ ಅನ್ನುವುದು ಇವರೆಲ್ಲರ ದೂರು.

ಹತ್ತು ಸಾವಿರದ ಮೂಲವನ್ನೂ ಅವತ್ತು ಹೇಳಿಬಿಟ್ಟೆ. ಇದೇನು ಡಾಕ್ಟರುಗಳು ಕೂತು ಗುಣಿಸಿ ಭಾಗಿಸಿ ತೆಗೆದ ಸಂಖ್ಯೆಯಲ್ಲ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ಆಯಿತು, ಜಪಾನಿನವರಿಗೆ ಮೈ ಬಗ್ಗಿಸುವ ಹುರುಪು ಹತ್ತಿತು. ಮರುವರ್ಷವೇ ಅಲ್ಲೊಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಡಬ್ಬಿ ಮಾರಾಟಕ್ಕೆ ಬಿಟ್ಟಿತು. ಹೆಸರು ಮಾನ್ಪೊಕೆ, ಅಂದರೆ ಹತ್ತು ಸಾವಿರ ಹೆಜ್ಜೆ ಮೀಟರು. ಡಬ್ಬಿ ಮಾರಲು ಇಟ್ಟ ಹೆಸರು ಲೋಕಕ್ಕೆಲ್ಲ ಶಾಸ್ತ್ರವಾಯಿತು.

"ಹಂಗಾದ್ರೆ ಎಷ್ಟು ನಡೆದ್ರೆ ಸಾಕು ಮೇಷ್ಟ್ರೇ?"

"ಅಮೆರಿಕದಲ್ಲಿ ಹದಿನಾರು ಸಾವಿರ ಚಿಲ್ಲರೆ ವಯಸ್ಸಾದ ಹೆಂಗಸರನ್ನ ಗಮನಿಸಿ 2019ರಲ್ಲಿ ಬರೆದಿದ್ದಾರೆ. ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕಿದವರಲ್ಲೇ ಸಾವು ಚೆನ್ನಾಗಿ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ."

ರಂಗಣ್ಣ ಕೈ ಬೀಸುವುದನ್ನು ನಿಲ್ಲಿಸಿದ. "ಅಂದ್ರೆ ದಿನಾ 5,600 ಸಲ ಈ ಕೈನ ಸುಮ್ಮನೆ ಬೀಸಿದ್ನಾ?"

"ಅದು ನಡೆದವರ ಲೆಕ್ಕ ಕಣಯ್ಯ, ಬೀಸಿದವರದ್ದಲ್ಲ."

ಪಾಷಾಗೆ ಸಂಕಟವಿರುವುದು ಬೇರೆ ಕಡೆ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಫ್ಯಾಕ್ಟರಿ ಜಾಗ ಇಸ್ರೋ ಪಾಲಾಯಿತು. ಅವನ ಎಡಗೈಯಲ್ಲಿ ಈಗಲೂ ಕೀ ಕೊಡುವ ಜನತಾ ವಾಚೇ. "ಆವಾಗ ಬೆಳಗ್ಗೆ ಎದ್ದು ನಾವು ವಾಚಿಗೆ ಕೀ ಕೊಡ್ತಿದ್ವಿ. ಈಗ ವಾಚು ನಮಗೆ ಕೀ ಕೊಡ್ತದೆ. ಏಳು ಅಂತದೆ, ಕೂತ್ಕೋ ಅಂತದೆ, ಉಸಿರಾಡು ಅಂತದೆ. ಉಸಿರಾಡೋದನ್ನೂ ಹೇಳ್ಕೊಡಬೇಕೇನ್ರೀ?"

"ಒಂದು ತಿಥಿಗೆ ಹೋಗಿದ್ದೆ" ಅಂದ ರಂಗಣ್ಣ ತಗ್ಗಿದ ದನಿಯಲ್ಲಿ. "ಎಲ್ಲರೂ ಕಣ್ಣುಮುಚ್ಚಿ ಕೂತವ್ರೆ. ಇದು ಜುಂಯ್ ಅಂತು. ನೋಡಿದ್ರೆ, ಎದ್ದು ಓಡಾಡು ಅಂತ ಬಂದೈತೆ. ಪಕ್ಕದೋನು ಓದ್ಕಂಡು, ಸತ್ತೋರಿಗೆ ಹೇಳ್ತೈತಾ ಅಂದ."

ನಿದ್ದೆಗೂ ಅದು ಅಂಕ ಕೊಡುತ್ತದೆ. ಹೊಡೆದ ಕಲ್ಲಿನ ಹಾಗೆ ಮಲಗುತ್ತಿದ್ದ ರಂಗಣ್ಣ ಈಗ ಎದ್ದ ತಕ್ಷಣ ದೇವರ ಪಟ ನೋಡುವ ಬದಲು ಅಂಕಪಟ್ಟಿ ನೋಡುತ್ತಾನೆ. ಮೊನ್ನೆ 58 ಬಂದಿತ್ತಂತೆ. "ಸೆಕೆಂಡ್ ಕ್ಲಾಸ್ ಅಲ್ವೇನೋ, ನಿಮ್ಮ ವಂಶದಲ್ಲೇ ಯಾರೂ ತೆಗೆದಿಲ್ಲ" ಅಂತ ಕಂಡಕ್ಟ್ರು ಬೆನ್ನು ತಟ್ಟಿದ. ಆದರೆ ನಗುವ ಮಾತಲ್ಲ. ಅಂಕ ಕಡಿಮೆ ಬಂತಲ್ಲ ಅಂತ ಯೋಚಿಸಿ ಮಾರನೇ ರಾತ್ರಿ ನಿಜಕ್ಕೂ ಅವನಿಗೆ ನಿದ್ದೆ ಬಂದಿಲ್ಲ. ಇದಕ್ಕೂ ಹೆಸರಿದೆ. ವಾಚು ನೋಡಿ ನೋಡಿ ನಿದ್ದೆ ಕೆಡಿಸಿಕೊಂಡವರನ್ನು ಕಂಡ ಅಮೆರಿಕದ ವೈದ್ಯರು 2017ರಲ್ಲಿ ಅದಕ್ಕೆ ಆರ್ಥೋಸೋಮ್ನಿಯಾ ಅಂದರು. ಹೇಳಬಾರದಿತ್ತು. ಈಗ ಸಿಕ್ಕವರಿಗೆಲ್ಲ "ನನಗೆ ಆರ್ಥೋ ಆಗೈತೆ" ಅನ್ನುತ್ತಾನೆ, ಅವರು ಮಂಡಿ ನೋಡುತ್ತಾರೆ.

ಇಷ್ಟಾದರೂ ಕಂಡಕ್ಟ್ರ ಖುಷಿಗೆ ನಿಜವಾದ ತುಪ್ಪ ಸುರಿದವನು ನಾನೇ. 1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯ ಒಂದು ಸಂಶೋಧನೆ ಪ್ರಕಟಿಸಿದ. ಯಾರ ಮೇಲೆ? ಬಸ್ ಡ್ರೈವರುಗಳು ಮತ್ತು ಕಂಡಕ್ಟರುಗಳ ಮೇಲೆ. ಒಂದೇ ಬಸ್ಸು, ಒಂದೇ ಸಂಸ್ಥೆ, ಒಂದೇ ಹೊಗೆ. ಡ್ರೈವರು ದಿನವಿಡೀ ಕೂತಿರುತ್ತಾನೆ, ಕಂಡಕ್ಟರು ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲನ್ನು ದಿನಕ್ಕೆ ಐನೂರರಿಂದ ಏಳುನೂರೈವತ್ತು ಹತ್ತುತ್ತಾನೆ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ. ಬಂದರೂ ತಡವಾಗಿ, ಬಂದರೂ ಸಾಯುವವರು ಕಡಿಮೆ.

ಕಂಡಕ್ಟ್ರು ಬೆಂಚಿನಿಂದೆದ್ದು ನಿಂತ. ಖಾಲಿ ಕೆರೆ ಏರಿಗೆ ಕೇಳುವ ಹಾಗೆ ಹೇಳಿದ: "ಕೇಳಿಸ್ತೇನೋ ರಂಗ? ಎಪ್ಪತ್ತು ವರ್ಷದ ಹಿಂದೇನೇ ತೀರ್ಪಾಗೈತೆ! ಎಷ್ಟು ಸಲ ಅಂದಿದ್ದೆ ನೀನು, ಓಡಿಸೋನು ನಾನು, ನೀನು ಚಿಲ್ಲರೆ ಎಣಿಸೋನು ಅಂತ?"

"ಲೋ, ನಮ್ಮ ಬಸ್ಸಿಗೆ ಮಹಡಿ ಎಲ್ಲಿತ್ತೋ? ಅದು ಲಂಡನ್ನು."

"ಮಹಡಿ ಇರಲಿಲ್ಲ, ಟಾಪ್ ಇತ್ತು. ಹಿಂದಿನ ಏಣಿ ಹತ್ತಿ ತಿಪಟೂರಲ್ಲಿ ಕಾಯಿ ಮೂಟೆ ಏರಿಸ್ತಿದ್ದೋರು ಯಾರು, ಗುಬ್ಬೀಲಿ ಇಳಿಸ್ತಿದ್ದೋರು ಯಾರು? ನೂರಿಪ್ಪತ್ತು ಜನರ ಮಧ್ಯೆ ಟಿಕೇಟ್ ಟಿಕೇಟ್ ಅಂತ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ನುಗ್ಗೋದು ಯಾವ ಜಿಮ್ಮಲ್ಲಿ ಹೇಳ್ಕೊಡ್ತಾರೆ?"

ರಂಗಣ್ಣ ನನ್ನ ಕಡೆ ತಿರುಗಿದ. ಮುಖದಲ್ಲಿ ಸ್ಟೀರಿಂಗ್ ಕಳೆದುಕೊಂಡವನ ಕಳೆ. ನನಗೂ ಪಾಪ ಅನ್ನಿಸಿ, ಕತೆಯ ಉಳಿದರ್ಧ ಹೇಳಿದೆ. ಅದೇ ಮಾರಿಸ್ 1956ರಲ್ಲಿ ಬಸ್ಸಿನವರ ಸಮವಸ್ತ್ರದ ಅಳತೆ ಪುಸ್ತಕ ತರಿಸಿ ನೋಡಿದ. ಡ್ರೈವರುಗಳ ಪ್ಯಾಂಟಿನ ಸೊಂಟ ಕಂಡಕ್ಟರುಗಳದ್ದಕ್ಕಿಂತ ಅಗಲ, ಅದೂ ಚಿಕ್ಕ ವಯಸ್ಸಿನಿಂದಲೇ. ಅಂದಮೇಲೆ ಕುರ್ಚಿಯೊಂದನ್ನೇ ಬೈದು ಪ್ರಯೋಜನವಿಲ್ಲ, ದಪ್ಪಗಿದ್ದವರೇ ಡ್ರೈವರಾಗಲು ಹೋಗಿರಬಹುದು.

"ಹಂಗನ್ನಿ! ಹುಟ್ಟಾ ದಪ್ಪ. ನನ್ನದೇನೂ ತಪ್ಪಿಲ್ಲ" ಅಂತ ರಂಗಣ್ಣ ನೆಮ್ಮದಿಯಾಗಿ ಮತ್ತೆ ಕೈ ಬೀಸತೊಡಗಿದ. ನನ್ನ ಮಾತಿನಿಂದ ಯಾವ ವಿದ್ಯಾರ್ಥಿಯೂ ಬೇಕಾದ್ದನ್ನು ಮಾತ್ರ ಎತ್ತಿಕೊಳ್ಳುತ್ತಾನೆ, ಇದು ಹಳೇ ಅನುಭವ.

ಮೊಬೈಲಿನ ವಿಷಯ ಬಂದಾಗ ಮಾತ್ರ ಎಲ್ಲರೂ ಕಳ್ಳರೇ. ತಲೆ ಬಗ್ಗಿಸಿ ನೋಡಿದರೆ ಕತ್ತಿನ ಮೇಲೆ ಬೀಳುವ ಭಾರ 27 ಕಿಲೋವರೆಗೂ ಹೋಗುತ್ತದೆಂದು 2014ರಲ್ಲಿ ಒಬ್ಬ ಬೆನ್ನೆಲುಬಿನ ಸರ್ಜನ್ ಲೆಕ್ಕ ಹಾಕಿದ್ದ. ಅರ್ಧ ಮೂಟೆ ಸಿಮೆಂಟಿಗಿಂತ ಜಾಸ್ತಿ. ಅದನ್ನು ಹೇಳುವಾಗ ಪಾಷಾ ತಲೆ ಬಗ್ಗಿಸಿ ಮೊಮ್ಮಗಳ ಫೋಟೋ ನೋಡುತ್ತಿದ್ದ. ಬೋಸ್ಟನ್ನಿನಲ್ಲಿ 125 ಜನರನ್ನು ಪರೀಕ್ಷಿಸಿ, ಕಕ್ಕಸಿಗೆ ಫೋನು ಒಯ್ಯುವವರಿಗೆ ಮೂಲವ್ಯಾಧಿಯ ಸಂಭವ ಹೆಚ್ಚೆಂದು 2025ರಲ್ಲಿ ಬರೆದಿದ್ದಾರೆ ಅಂದಾಗ ಎಲ್ಲರೂ ಒಟ್ಟಿಗೆ ಕೆರೆ ಕಡೆ ನೋಡಿದರು. ಕೆರೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಅಷ್ಟೊತ್ತು ಕೂರೋದು ಅಭ್ಯಾಸ ಆಗೋಗೈತೆ ಮೇಷ್ಟ್ರೇ" ಅಂದ ರಂಗಣ್ಣ ಕೊನೆಗೆ. "ವಾಚು ಅಲ್ಲೂ ಬಿಡಲ್ಲ. ಎದ್ದು ಓಡಾಡು ಅಂತದೆ."

ಏಳೂವರೆಗೆ ಆಟೋ ಹತ್ತಿ ಕ್ಯಾತ್ಸಂದ್ರಕ್ಕೆ ಹೊರಟೆವು. ವಾಕಿಂಗಿನ ನಂತರ ತಟ್ಟೆ ಇಡ್ಲಿ ನಮ್ಮ ಸಂಘದ ಒಂದೇ ನಿಯಮ. ವಾಕಿಂಗ್ ತಪ್ಪಬಹುದು. ದಾರಿಯಲ್ಲಿ ಅಗೆದು ಮುಚ್ಚಿದ ಗುಂಡಿಗಳ ಮೇಲೆ ಆಟೋ ಕುಣಿದ ಕುಣಿತಕ್ಕೆ ರಂಗಣ್ಣನ ಖಾತೆಗೆ ಇನ್ನೂರು ಹೆಜ್ಜೆ ಜಮೆ. ಸಿದ್ಧಗಂಗೆ ದಾರಿ ಕಂಡಾಗ ಕಂಡಕ್ಟ್ರು ಕೈ ಮುಗಿದ. "ನಮ್ಮೂರಲ್ಲಿ ನಡೆದಾಡೋ ದೇವರೇ ಇದ್ದರು. 111 ವರ್ಷ! ಹೆಜ್ಜೆ ಎಣಿಸ್ಕೊಂಡು ನಡೆದ್ರಾ?" ಒಬ್ಬರ ಆಯಸ್ಸು ಎಲ್ಲರಿಗೂ ಅಳತೆಗೋಲಾಗುವುದಿಲ್ಲ ಅಂತ ವಿಜ್ಞಾನದ ಮೇಷ್ಟ್ರಾಗಿ ಹೇಳಬೇಕಿತ್ತು. ನಾನೂ ಕೈ ಮುಗಿದೆ.

ಹೋಟೆಲಿನಲ್ಲಿ ಪಾವಗಡ ಆಗಲೇ ಕೂತಿದ್ದ. ಊರ ಹೆಸರೇ ಅವನ ಹೆಸರು. ನಮ್ಮಲ್ಲೆಲ್ಲ ಚಿಕ್ಕವನು, ಐವತ್ತೆರಡು, ಇನ್ನೂ ಸರ್ವೀಸಿನಲ್ಲಿದ್ದಾನೆ. ನಗುವಾಗ ಬಾಯಿಗೆ ಕರ್ಚೀಫು ಅಡ್ಡ ಹಿಡಿಯುತ್ತಾನೆ. ಎಲೆಯಡಿಕೆ, ಬೀಡಿ ಏನೂ ಇಲ್ಲದವನ ಹಲ್ಲಿನ ಮೇಲೆ ಕಂದು ಗೆರೆಗಳು. ಮಾಣಿ ನೀರಿಟ್ಟರೆ ಮೊದಲ ಪ್ರಶ್ನೆ ಅವನದೇ: "ಯಾವ ನೀರಪ್ಪಾ?" ಫಿಲ್ಟರ್ ನೀರು ಸಾರ್ ಅಂದ ಮೇಲೇ ಲೋಟ ಮುಟ್ಟುತ್ತಾನೆ.

ಅವತ್ತು ನಾವು ಹೊಸ ಯಂತ್ರಗಳನ್ನೆಲ್ಲ ಜಾಲಾಡುತ್ತಿದ್ದುದನ್ನು ಕೇಳಿ ಅವನು ಕರ್ಚೀಫು ಕೆಳಗಿಟ್ಟ. "ಮೇಷ್ಟ್ರೇ, ನಮ್ಮೂರಿಗೆ ಬಂದ ಹೊಸ ಯಂತ್ರ ಬೋರ್‌ವೆಲ್ಲು. ನಾನಿನ್ನೂ ಅಂಗನವಾಡಿ. ಕುಂಕುಮ ಹಚ್ಚಿ, ಕಾಯಿ ಒಡೆದು, ಕೈಪಂಪಿಗೆ ಹೂವಿನ ಹಾರ ಹಾಕಿದ್ರು. ಸೇದೋ ಬಾವಿ ನೀರಲ್ಲಿ ಹುಳ, ಇದು ಶುದ್ಧ ಅಂದ್ರು. ಸುಳ್ಳೇನಲ್ಲ, ವಾಂತಿ ಭೇದಿ ಕಡಿಮೆ ಆಯ್ತು. ನಮ್ಮಣ್ಣ ಬಾವಿ ನೀರು ಕುಡಿದು ಬೆಳೆದೋನು, ಅವನ ಹಲ್ಲು ಅಕ್ಕಿಕಾಳು. ನಾನು ಪಂಪಿನ ನೀರು, ನೋಡಿ ಹಿಂಗೆ. ನಮ್ಮವ್ವನ ಬೆನ್ನು ಬಗ್ಗಿದ್ದು ಕೊನೇವರೆಗೂ ನೆಟ್ಟಗಾಗಲಿಲ್ಲ."

ಯಾರೂ ಮಾತಾಡಲಿಲ್ಲ. ನಾನೇ ಸುಮ್ಮನಿರಲಾರದೆ ವಿವರಿಸಿದೆ. ನಮ್ಮ ಕಡೆಯ ಬಂಡೆಯಲ್ಲಿ ಫ್ಲೋರೈಡ್ ಇದೆ. ಆಳದಲ್ಲಿ ಬಹುಕಾಲ ಬಂಡೆಗೆ ಅಂಟಿಕೊಂಡ ನೀರಿಗೆ ಅದು ಕರಗಿ ಸೇರುತ್ತದೆ. ಒಂದು ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಹೆಚ್ಚಾದರೆ ಹಲ್ಲು ಮೂಡುವ ವಯಸ್ಸಿನ ಮಕ್ಕಳಿಗೆ ಗೆರೆ, ವರ್ಷಗಟ್ಟಲೆ ಕುಡಿದವರಿಗೆ ಮೂಳೆ, ಕೀಲು.

"ಕಾಯಿಸಿ ಕುಡಿದ್ರೆ?" ಅಂದ ಕಂಡಕ್ಟ್ರು.

"ಕಾಯಿಸಿದ್ರೆ ನೀರು ಆವಿಯಾಗುತ್ತೆ, ಅದು ತಳದಲ್ಲೇ ಉಳ್ಕೊಂಡು ಇನ್ನೂ ಗಟ್ಟಿಯಾಗುತ್ತೆ ಅಣ್ಣ" ಅಂದ ಪಾವಗಡ. ಈ ಪಾಠದಲ್ಲಿ ಅವನು ನನ್ನ ಮೇಷ್ಟ್ರು. "ಈಗ ಐದು ರೂಪಾಯಿ ಕಾಯಿನ್ ಹಾಕಿ ಘಟಕದಲ್ಲಿ ಕ್ಯಾನು ತುಂಬಿಸ್ತಾರೆ. ಅದು ಕೆಟ್ಟ ದಿನ ಮತ್ತೆ ಪಂಪೇ ಗತಿ. ಹದಿಮೂರು ಸಾವಿರ ಎಕರೆ ಸೋಲಾರ್ ಐತೆ ನಮ್ಮಲ್ಲಿ, 2,050 ಮೆಗಾವ್ಯಾಟು. ರಂಗಣ್ಣೋರ ವಾಚು ನಮ್ಮೂರ ಬಿಸಿಲಲ್ಲೇ ಚಾರ್ಜ್ ಆಗಿರಬೋದು ನೋಡಿ."

ಇಡ್ಲಿ ಬಂತು. ಬೆಣ್ಣೆ ಕರಗುತ್ತಿತ್ತು, ಚಟ್ನಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು. ರಂಗಣ್ಣನ ಬಿಪಿ ನೆನಪಿಸಲು ಬಾಯಿ ತೆರೆದವನು, ಅವನು ಎರಡನೇ ಇಡ್ಲಿಗೆ ಕೈ ಎತ್ತಿದ್ದನ್ನು ನೋಡಿ ನಾನೂ ಒಂದು ಹೇಳಿದೆ.

ಆಗ ವಾಚು ಜುಂಯ್ ಅಂತು. ರಂಗಣ್ಣ ಕನ್ನಡಕ ಮೇಲೇರಿಸಿ ಓದಿದ. "ನೀರು ಕುಡಿಯೋ ಹೊತ್ತಾಯ್ತಂತೆ."

"ಯಾವ ನೀರು ಅಂತ ಕೇಳಿ ಅದನ್ನ" ಅಂದ ಪಾವಗಡ.

ರಂಗಣ್ಣ ನಿಜಕ್ಕೂ ಮಣಿಕಟ್ಟನ್ನು ಬಾಯಿ ಹತ್ತಿರ ತಂದು ಕೇಳಿದ. ವಾಚು ಯೋಚನೆ ಮಾಡಿ, ಹತ್ತಿರದ ನೀರಿನ ಅಂಗಡಿ ಇಲ್ಲಿಂದ ಎರಡು ಕಿಲೋಮೀಟರು ಅಂತ ಇಂಗ್ಲಿಷಿನಲ್ಲಿ ತಿಳಿಸಿತು.

"ಎಷ್ಟು ಹೆಜ್ಜೆ ಆಗುತ್ತೋ?" ಅಂದ ಕಂಡಕ್ಟ್ರು.